ಇಎಸ್‌ಐ ಕಾರ್ಡ್ ಇದೆ, ಆದರೆ ಯಾವ ಡಿಸ್ಪೆನ್ಸರಿಗೆ ಹೋಗಬೇಕು?

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಪೇಸ್ಲಿಪ್ ಕೈಗೆ ಬಂದ ದಿನ ಹೊಸಬರು ಕೇಳೋದು ಒಂದೇ: "ಮೇಡಂ, ಇದೇನು 113 ರೂಪಾಯಿ ಹಿಡ್ಕೊಂಡಿದೀರಾ?" ಅದೇ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ತಿಂಗಳಿಗೆ 15,000 ಸಂಬಳ ಇದ್ದರೆ ನಿಮ್ಮಿಂದ ಶೇ 0.75, ಕಂಪನಿಯಿಂದ ಶೇ 3.25 ಕಟ್ಟುತ್ತಾರೆ. 21,000ದವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ದುಡ್ಡು ಹೋಗೋದು ಎಲ್ಲರಿಗೂ ಕಾಣುತ್ತೆ. ಅದರಿಂದ ಜ್ವರಕ್ಕೆ ಔಷಧಿ ಎಲ್ಲಿ ಸಿಗುತ್ತೆ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲು ನಿಮ್ಮ ಇ-ಪಹಚಾನ್ ಕಾರ್ಡ್ ತೆಗೆದು ನೋಡಿ. ಫೋಟೊ ಅಂಟಿಸಿ, ಸಹಿ ಹಾಕಿಸಿಕೊಂಡ ಆ ಒಂದು ಹಾಳೆ. ಅದರಲ್ಲಿ ಹತ್ತು ಅಂಕಿಯ ಇನ್ಶೂರೆನ್ಸ್ ನಂಬರ್ ಇರುತ್ತೆ, ಜೊತೆಗೆ ಒಂದು ಡಿಸ್ಪೆನ್ಸರಿಯ ಹೆಸರೂ ಇರುತ್ತೆ. ಸಣ್ಣಪುಟ್ಟ ಕಾಯಿಲೆಗೆ ನೀವು ಹೋಗಬೇಕಾದ ಜಾಗ ಅದೇ. ದೊಡ್ಡ ಆಸ್ಪತ್ರೆಗೂ ಸಾಮಾನ್ಯವಾಗಿ ಅಲ್ಲಿನ ಡಾಕ್ಟರೇ ಬರೆದು ಕಳಿಸುತ್ತಾರೆ. ಡಿಸ್ಪೆನ್ಸರಿ ಇಲ್ಲದ ಕೆಲವು ಕಡೆ ಖಾಸಗಿ ಕ್ಲಿನಿಕ್‌ನ ಡಾಕ್ಟರನ್ನೇ ನೇಮಿಸಿರುತ್ತಾರೆ, ಅವರಿಗೆ ಐಎಂಪಿ ಅಂತಾರೆ.

ತೊಂದರೆ ಶುರುವಾಗೋದೇ ಆ ಹೆಸರಿನಿಂದ. ಹೆಸರು ನೋಂದಾಯಿಸುವಾಗ ಆಫೀಸಿನವರು ಎಲ್ಲರಿಗೂ ಫ್ಯಾಕ್ಟರಿ ಪಕ್ಕದ್ದನ್ನೇ ಹಾಕಿಬಿಡುತ್ತಾರೆ. ಅವರಿಗೆ ಅದು ಸುಲಭ, ಅಷ್ಟೇ. ನಮ್ಮ ಲೈನ್‌ನ ಒಬ್ಬ ಟೈಲರ್ ಇರೋದು ನೆಲಮಂಗಲದಲ್ಲಿ. ರಜೆಯ ದಿನ ಮಗುವಿಗೆ ಜ್ವರ ಬಂದರೆ ಬಸ್ ಹತ್ತಿ ಪೀಣ್ಯಕ್ಕೆ ಬರೋಕಾಗುತ್ತಾ? ಪಕ್ಕದ ಕ್ಲಿನಿಕ್‌ಗೆ ದುಡ್ಡು ಕೊಡ್ತಾಳೆ. ಇತ್ತ ಸಂಬಳದಲ್ಲಿ ಹಿಡಿಯೋದು ಹಿಡಿದೇ ಹಿಡೀತಾರೆ.

ಆದ್ದರಿಂದ ಮನೆ ಹತ್ತಿರದ್ದು ಯಾವುದಿದೆ ಅಂತ ಹುಡುಕಿ. ಇಎಸ್‌ಐ ನಡೆಸುವ ನಿಗಮದ (ಇಎಸ್‌ಐಸಿ) ವೆಬ್‌ಸೈಟ್‌ನಲ್ಲಿ ನೋಡಬಹುದು. ಇಂಟರ್ನೆಟ್ ಗೋಜು ಬೇಡ ಅನ್ನೋರು 1800-11-2526ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ಬರೆಸಿಕೊಳ್ಳಬೇಡಿ. ಒಂದು ದಿನ ಆ ಕಡೆ ಹೋದಾಗ ಒಳಗೆ ಹೋಗಿ ವಿಚಾರಿಸಿ. ಎಷ್ಟು ಗಂಟೆಗೆ ತೆರೀತಾರೆ, ಡಾಕ್ಟರ್ ದಿನಾ ಬರ್ತಾರಾ, ಶುಗರ್ ಬಿಪಿ ಮಾತ್ರೆ ಸ್ಟಾಕ್ ಇರುತ್ತಾ? ಕೌಂಟರಿನವರನ್ನು ಕೇಳೋದಕ್ಕಿಂತ ಸಾಲಲ್ಲಿ ನಿಂತವರನ್ನು ಕೇಳಿದರೆ ಜಾಸ್ತಿ ಗೊತ್ತಾಗುತ್ತೆ. ನಿಮ್ಮ ಶಿಫ್ಟ್ ಮುಗಿಯೋ ಮುಂಚೆಯೇ ಬಾಗಿಲು ಹಾಕೋ ಜಾಗ ಎಷ್ಟು ಹತ್ತಿರ ಇದ್ದರೂ ಪ್ರಯೋಜನ ಇಲ್ಲ, ಅಲ್ವಾ?

ಜಾಗ ಗೊತ್ತಾದ ಮೇಲೆ ನನ್ನಂಥವರ ಹತ್ತಿರ ಬನ್ನಿ. ಡಿಸ್ಪೆನ್ಸರಿ ಬದಲಿಸಿ ಅಂತ ಹೇಳಿ, ಹೊಸ ಕಾರ್ಡ್ ಪ್ರಿಂಟ್ ಕೇಳಿ. ಆಫೀಸಿನವರು ನಾಳೆ ನಾಳಿದ್ದು ಅಂದರೆ ಇಎಸ್‌ಐ ಬ್ರಾಂಚ್ ಆಫೀಸಿಗೇ ಹೋಗಿ. ಹೆಂಡತಿ ಮಕ್ಕಳು ಅಥವಾ ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮ ಊರಲ್ಲಿದ್ದರೆ ಅವರಿಗೆ ಊರಿನ ಕಡೆಯ ಡಿಸ್ಪೆನ್ಸರಿಯನ್ನೇ ಬರೆಸಬಹುದು. ಇದನ್ನ ಯಾರೂ ತಾವಾಗೇ ಹೇಳೋಲ್ಲ, ನೀವೇ ಕೇಳಬೇಕು. ಹಾಗೇ ಮನೆಯವರೆಲ್ಲರ ಹೆಸರು, ಆಧಾರ್ ಸೇರಿದೆಯಾ ನೋಡಿಕೊಳ್ಳಿ. ಹುಷಾರಿಲ್ಲದೆ ಹೋದ ದಿನ ಕೌಂಟರ್ ಮುಂದೆ "ಹೆಸರಿಲ್ಲ" ಅನ್ನಿಸಿಕೊಳ್ಳೋದು ಬೇಡ.

ಕಾಯಿಲೆಗೆ ರಜೆ ಹಾಕಬೇಕಾದರೆ ಡಿಸ್ಪೆನ್ಸರಿ ಡಾಕ್ಟರ ಸರ್ಟಿಫಿಕೇಟನ್ನೇ ತಗೊಳ್ಳಿ. 78 ದಿನದ ವಂತಿಗೆ ಕಟ್ಟಿದ್ದರೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಖಾಸಗಿ ಡಾಕ್ಟರ ಚೀಟಿ ಇಟ್ಟುಕೊಂಡು ಹೋದರೆ ಆ ಹಣ ಅಷ್ಟು ಸಲೀಸಾಗಿ ಬರೋಲ್ಲ.

ಇನ್ನೊಂದು, ಕೆಲಸ ಬಿಟ್ಟ ಕೂಡಲೇ ಕಾರ್ಡ್ ಎಸೀಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆ 78 ದಿನ ತುಂಬಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೂ ಡಿಸ್ಪೆನ್ಸರಿಯಲ್ಲಿ ತೋರಿಸಿಕೊಳ್ಳಬಹುದು.