ನೀರು ಮಗುಚಿದ ಮೇಲೆ: ಮಿನ್ನೆಸೋಟದ ಸರೋವರದಲ್ಲಿ ಗಾಳ ಹಾಕಿದ ನನ್ನ ಅನುಭವ

ತುಂಗೆಯ ಬದಿಯ ಹಳ್ಳಿಯಲ್ಲಿ ಬೆಳೆದ ನನಗೆ ಮೀನಿನ ಕಾಲವೆಂದರೆ ಮುಂಗಾರಿನ ಮೊದಲ ಮಳೆ. ಗದ್ದೆಯ ನೀರು ಹಳ್ಳಕ್ಕೆ ಧುಮುಕುವ ಹೊತ್ತಿಗೆ ಹತ್ತುಮೀನು ಸೆಳವಿಗೆದುರಾಗಿ ಮೇಲೇರುತ್ತದೆ, ಊರಿನ ಅರ್ಧ ಜನ ಟಾರ್ಚು, ಕತ್ತಿ, ಬುಟ್ಟಿ ಹಿಡಿದು ಕತ್ತಲಲ್ಲಿ ಗದ್ದೆಗೆ ಇಳಿಯುತ್ತಾರೆ. ಎಲೆ ಉದುರುವ ಕಾಲಕ್ಕೂ ಮೀನಿಗೂ ಸಂಬಂಧವಿದೆ ಎಂಬುದು ಕೆಲಸದ ನಿಮಿತ್ತ ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದು ನೆಲೆಸುವ ತನಕ ನನಗೆ ತಿಳಿದಿರಲಿಲ್ಲ. ಇಲ್ಲಿ ಸೆಪ್ಟೆಂಬರಿನಲ್ಲಿ ಶಾಲೆಗಳು ಶುರುವಾಗಿ, ಮೋಜಿನ ದೋಣಿಗಳೆಲ್ಲ ಒಂದೊಂದಾಗಿ ಶೆಡ್ಡು ಸೇರಿದ ಮೇಲೆ ಸರೋವರ ಬರಿದಾಗುತ್ತದೆ. ಗಾಳದವರಿಗೆ ಒಳ್ಳೆಯ ದಿನಗಳು ಆರಂಭವಾಗುವುದೇ ಆಗ.

ಹತ್ತು ಎಕರೆಗಿಂತ ದೊಡ್ಡವಾದ 11,842 ಸರೋವರಗಳಿರುವ ರಾಜ್ಯವಿದು. ಅಷ್ಟರಲ್ಲಿ ನಾನು ಪಾಠ ಕಲಿತದ್ದು ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ವಕೋನಿಯ ಸರೋವರದಲ್ಲಿ. ವಿಸ್ತಾರ ಸುಮಾರು 3,000 ಎಕರೆ, ಅತಿ ಆಳವಾದ ಜಾಗ ನಲವತ್ತು ಅಡಿಗೂ ಕಡಿಮೆ, ನೀರಿನ ನಡುವೆ ಕೋನಿ ಐಲ್ಯಾಂಡ್ ಎಂಬ ಮರಗಳಿಂದ ತುಂಬಿದ ದ್ವೀಪ. ಹದಿನಾಲ್ಕು ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಅಲ್ಲಿಗೆ ಹೋಗಲಾರಂಭಿಸಿದೆ. ನಾನು ಬೆನ್ನು ಹತ್ತಿದ್ದು ಎರಡು ಮೀನುಗಳನ್ನು. ಒಂದು ಕ್ರಾಪಿ: ಅಂಗೈಯಗಲದ, ಚಪ್ಪಟೆಯಾದ, ಬೆಳ್ಳಿಯ ಮೈಮೇಲೆ ಮಸಿ ಚಿಮುಕಿಸಿದಂತಿರುವ ಮೀನು. ಇಂಗ್ಲಿಷ್ ಕಾಗುಣಿತ ನೋಡಿ ನಾನು ಅದನ್ನು ‘ಕ್ರ್ಯಾಪಿ’ (ಇಂಗ್ಲಿಷಿನಲ್ಲಿ ‘ಕಳಪೆ’ ಎಂದರ್ಥ) ಎಂದು ಕರೆದಾಗ ಎರೆ ಮಾರುವ ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಕ್ಕಿದ್ದರು. ಇನ್ನೊಂದು ವಾಲ್‌ಐ: ಉದ್ದ ಮೈಯ, ಮಾಸಿದ ಚಿನ್ನದ ಬಣ್ಣದ, ಬೆಳಗುವ ಕಣ್ಣಿನ ಬೇಟೆಗಾರ. 1965ರಿಂದ ಅದು ಈ ರಾಜ್ಯದ ಅಧಿಕೃತ ಮೀನು, ಇಲ್ಲಿನವರ ಅಭಿಮಾನದ ಮೀನು ಕೂಡ.

ಮೊದಲ ವರ್ಷದ ಅಕ್ಟೋಬರ್ ಪೂರ್ತಿ ನೀರುಪಾಲಾಯಿತು. ಆಗಸ್ಟಿನಲ್ಲಿ ಮೀನು ಸಿಕ್ಕ ಕಳೆಯ ಅಂಚಿನಲ್ಲೇ, ಅದೇ ಹನ್ನೆರಡು ಅಡಿ ನೀರಿನಲ್ಲೇ ನಾಲ್ಕು ಶನಿವಾರ ಗಾಳ ಇಳಿಬಿಟ್ಟು ಕುಳಿತು, ಮರಗಟ್ಟಿದ ಬೆರಳುಗಳೊಂದಿಗೆ ಬರಿಗೈಯಲ್ಲಿ ಮನೆಗೆ ಬಂದೆ. ಅಷ್ಟು ದಿನವೂ ನಾನು ಗಾಳ, ದಾರ, ಎರೆಗಳನ್ನು ಬದಲಾಯಿಸುತ್ತಿದ್ದೆನೇ ಹೊರತು ನೀರಿಗೆ ಏನಾಗುತ್ತಿದೆಯೆಂದು ಯೋಚಿಸಿರಲಿಲ್ಲ. ದೋಣಿ ಇಳಿಸುವ ಕಟ್ಟೆಯಲ್ಲಿ ಪರಿಚಯವಾದ ಹಿರಿಯರೊಬ್ಬರು ನನ್ನ ಖಾಲಿ ಬಕೆಟ್ಟನ್ನು ನೋಡಿ, ಸರೋವರ ಈಗ ಮಗುಚುತ್ತಿದೆ, ಎರಡು ವಾರ ಮನೆಯಲ್ಲಿರು ಎಂದರು. ಅವರು ತಮಾಷೆ ಮಾಡುತ್ತಿದ್ದಾರೆಂದೇ ನಾನು ತಿಳಿದೆ.

ಅದು ತಮಾಷೆಯಾಗಿರಲಿಲ್ಲ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆಯಲ್ಲಿ ಬಿಸಿಯಾದ ಹಗುರ ನೀರು ಮೇಲೆ ತೇಲಿ, ತಣ್ಣನೆಯ ಭಾರದ ನೀರು ತಳದಲ್ಲಿ ಉಳಿದು, ನಡುವೆ ತೆಳುವಾದ ಒಂದು ಪದರ ಗೋಡೆಯಂತೆ ನಿಲ್ಲುತ್ತದೆ. ತಳದ ನೀರಿಗೆ ಗಾಳಿಯ ಸೋಂಕಿಲ್ಲ. ಕೊಳೆಯುವ ಕಳೆ ಅಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಹಾಗಾಗಿ ಮೀನು ಮೇಲೆಯೇ ಇರಬೇಕಾಗುತ್ತದೆ. ಶರತ್ಕಾಲದ ರಾತ್ರಿಗಳು ಮೇಲಿನ ನೀರನ್ನು ತಣಿಸುತ್ತ ಬಂದಂತೆ ಅದು ಭಾರವಾಗಿ ಕೆಳಗಿಳಿಯುತ್ತದೆ, ಗೋಡೆ ಕರಗುತ್ತದೆ, ಒಂದು ದಿನದ ಬಿರುಗಾಳಿಗೆ ಇಡೀ ಸರೋವರ ಕಲಸಿಹೋಗುತ್ತದೆ. ಆ ದಿನಗಳಲ್ಲಿ ನೀರಿನ ಮೇಲೆ ಸತ್ತ ಕಳೆಯ ಚೂರುಗಳು ತೇಲುತ್ತವೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಮೀನುಗಳು ದಿಕ್ಕಾಪಾಲಾಗಿರುತ್ತವೆ, ಬಾಯಿ ಬಿಡುವುದಿಲ್ಲ. ಮಗುಚುವಿಕೆ ಮುಗಿದ ಮೇಲೆ ತಳದ ತನಕ ಆಮ್ಲಜನಕ ತಲುಪಿರುತ್ತದೆ, ಬೇಸಿಗೆಯಲ್ಲಿ ಬಾಗಿಲು ಮುಚ್ಚಿದ್ದ ಆಳದ ಕೋಣೆಗಳೆಲ್ಲ ತೆರೆದುಕೊಳ್ಳುತ್ತವೆ. ಅಂದಿನಿಂದ ನನ್ನ ದೋಣಿಯಲ್ಲಿ ಗಾಳಕ್ಕಿಂತ ಮೊದಲು ನೀರಿಗಿಳಿಯುವುದು ಥರ್ಮಾಮೀಟರು. ಮೇಲ್ಮೈ ನೀರು 60 ಡಿಗ್ರಿ ಫ್ಯಾರನ್‌ಹೀಟಿನಿಂದ ಇಳಿಯತೊಡಗಿದರೆ ಎಚ್ಚರ ವಹಿಸುತ್ತೇನೆ. 50 ದಾಟಿ ಕೆಳಗೆ ಬಂದರೆ, ಎಂದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಆದರೆ, ಕೆಲಸಕ್ಕೆ ರಜೆ ಹಾಕಿ ಸರೋವರಕ್ಕೆ ಹೊರಡುತ್ತೇನೆ.

ಎರಡನೆಯ ವರ್ಷ, ನೀರು 48 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಿದ್ದ ಒಂದು ಮಧ್ಯಾಹ್ನ, ಕಳೆಯ ಅಂಚನ್ನು ಬಿಟ್ಟು ನೇರವಾಗಿ ಆಳಕ್ಕೆ ಹೋದೆ. ನೀರಿನೊಳಗಿರುವುದನ್ನು ಶಬ್ದದ ಅಲೆಗಳಿಂದ ತೋರಿಸುವ ಸೋನಾರ್ ಪರದೆಯ ಮೇಲೆ ಮೊದಲ ಅರ್ಧ ಗಂಟೆ ತಳದ ಗೆರೆಯ ಹೊರತು ಏನೂ ಕಾಣಲಿಲ್ಲ. ಆಮೇಲೆ ಮೂವತ್ತೆರಡು ಅಡಿ ನೀರಿನಲ್ಲಿ, ತಳದಿಂದ ನಾಲ್ಕೈದು ಅಡಿ ಮೇಲೆ, ಮುಷ್ಟಿ ಅವರೆಕಾಳು ಎರಚಿದಂತೆ ಚುಕ್ಕೆಗಳ ಗುಂಪೊಂದು ಕಾಣಿಸಿತು. ಕ್ರಾಪಿ ಹಿಂಡಾಗಿ ನೀರಿನ ನಡುವೆ ತೂಗುತ್ತ ನಿಲ್ಲುವ ಮೀನು. ಅದು ಮೇಲಕ್ಕೆ ನೋಡುತ್ತದೆ, ಆಹಾರಕ್ಕಾಗಿ ಮೇಲಕ್ಕೇ ಏರುತ್ತದೆ. ಆದ್ದರಿಂದ ಎರೆಯನ್ನು ಹಿಂಡಿಗಿಂತ ಒಂದೆರಡು ಅಡಿ ಮೇಲೆಯೇ ನಿಲ್ಲಿಸಬೇಕು. ಒಂದು ಅಡಿ ಕೆಳಗೆ ಹೋದರೂ ಅದು ಮೀನಿನ ಪಾಲಿಗೆ ಇಲ್ಲದಂತೆಯೇ. ನನ್ನ ದಾರ ನಾಲ್ಕು ಪೌಂಡು ಭಾರ ತಡೆಯುವ ನೈಲಾನು, ತುದಿಯಲ್ಲಿ ಎರಡು ಗ್ರಾಮಿಗೂ ಕಡಿಮೆ ತೂಕದ ಸೀಸದ ತಲೆಯ ಜಿಗ್ ಗಾಳ, ಅದಕ್ಕೆ ಕಿರುಬೆರಳಿನ ಅರ್ಧದಷ್ಟಿರುವ ಜೀವಂತ ಎರೆಮೀನು. ಕ್ರಾಪಿ ಕಚ್ಚಿದಾಗ ಕೋಲು ಬಾಗಬೇಕೆಂದಿಲ್ಲ. ಎಷ್ಟೋ ಸಲ ಅದು ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲೇರುವುದರಿಂದ ಬಿಗಿಯಾಗಿದ್ದ ದಾರ ಸುಮ್ಮನೆ ಸಡಿಲವಾಗುತ್ತದೆ. ಊರಿನಲ್ಲಿ ಬೆಂಡು ಮುಳುಗಿದ್ದೇ ತಡ ಜಗ್ಗಿ ಅಭ್ಯಾಸವಾಗಿದ್ದ ನಾನು ಹಾಗೆಯೇ ಜಗ್ಗಿ ಮೊದಲ ಮೂರು ಮೀನುಗಳ ತುಟಿ ಹರಿದೆ. ಕ್ರಾಪಿಯ ಬಾಯಿ ಹಪ್ಪಳದಷ್ಟು ತೆಳು. ಕೋಲನ್ನು ನಿಧಾನವಾಗಿ ಎತ್ತಿ, ಒಂದೇ ಸಮನೆ ದಾರ ಸುತ್ತುತ್ತ ಬಂದು, ಕೈಬಲೆ ಹಿಡಿದರೆ ಸಾಕು.

ಆ ಮಧ್ಯಾಹ್ನ ಕೈ ನಿಲ್ಲಲಿಲ್ಲ. ಹತ್ತು ಮೀನು ಇಟ್ಟುಕೊಳ್ಳಬಹುದೆಂಬುದು ಆಗ ರಾಜ್ಯದ ಸಾಮಾನ್ಯ ಮಿತಿ. ನಾನು ದೊಡ್ಡವನ್ನು ಆರಿಸುವ ಆಸೆಯಿಂದ ಚಿಕ್ಕವನ್ನೆಲ್ಲ ನೀರಿಗೆ ಬಿಡುತ್ತ, ಬಿಟ್ಟ ಪುಣ್ಯವನ್ನೂ ಲೆಕ್ಕ ಹಾಕುತ್ತ, ಎರಡು ಗಂಟೆ ಹೀಗೆಯೇ ಕಳೆದೆ. ದೋಣಿಯನ್ನು ತಿರುಗಿಸಿದಾಗ ಗಾಳಿಯ ಇಳಿಜಾರಿನಲ್ಲಿ, ನೂರಡಿ ದೂರದಲ್ಲಿ, ನೀರಿನ ಮೇಲೆ ಬಿಳಿ ಬಿಳಿಯಾಗಿ ಏನೋ ತೇಲುತ್ತಿತ್ತು. ಹತ್ತಿರ ಹೋದೆ. ನಾನು ಬಿಟ್ಟ ಕ್ರಾಪಿಗಳೇ. ಹೊಟ್ಟೆ ಮೇಲಾಗಿ, ಕಣ್ಣು ಉಬ್ಬಿ, ಕಿವಿರು ಮಾತ್ರ ಆಡಿಸುತ್ತ ಬಿದ್ದಿದ್ದವು. ಒಂದನ್ನು ಹಿಡಿದು ತಲೆ ಕೆಳಗೆ ಮಾಡಿ ನೀರಿನೊಳಕ್ಕೆ ದೂಡಿದೆ. ಎರಡು ಅಡಿ ಈಜಿ ಮತ್ತೆ ಬೆಂಡಿನಂತೆ ಮೇಲೆ ಬಂತು. ಹನ್ನೊಂದು ಎಣಿಸಿದೆ, ಮುಂದೆ ಎಣಿಸಲಿಲ್ಲ. ಒಂದು ಗಲ್ ಹಕ್ಕಿ ಆಗಲೇ ಮೇಲೆ ಸುತ್ತುತ್ತಿತ್ತು.

ಕಾರಣ ಸರಳ. ಮೂವತ್ತು ಅಡಿ ಆಳದಲ್ಲಿ ಒತ್ತಡ ಮೇಲ್ಮೈಯ ಹೆಚ್ಚುಕಡಿಮೆ ಎರಡರಷ್ಟು. ಅಲ್ಲಿಂದ ಮೀನನ್ನು ಒಂದು ನಿಮಿಷದೊಳಗೆ ಮೇಲೆಳೆದರೆ ಅದರ ಗಾಳಿಚೀಲದೊಳಗಿನ ಅನಿಲ ಸುಮಾರು ಇಮ್ಮಡಿಯಾಗಿ ಹಿಗ್ಗುತ್ತದೆ. ನಮ್ಮ ಕೆರೆಗಳ ರೋಹು, ಕಾಟ್ಲಾಗಳಲ್ಲಿ ಗಾಳಿಚೀಲದಿಂದ ಅನ್ನನಾಳಕ್ಕೆ ಕೊಳವೆಯಿರುವುದರಿಂದ ಅವು ಗಾಳಿಯನ್ನು ಬಾಯಿಂದ ಹೊರಬಿಡಬಲ್ಲವು. ಕ್ರಾಪಿಗೂ ವಾಲ್‌ಐಗೂ ಆ ಕೊಳವೆ ಇಲ್ಲ. ಅನಿಲ ರಕ್ತದ ಮೂಲಕ ನಿಧಾನವಾಗಿಯೇ ಕರಗಬೇಕು. ಅಷ್ಟರೊಳಗೆ ಒಳಗಿನ ಅಂಗಗಳು ಜಜ್ಜಿಹೋಗಿರುತ್ತವೆ. ಇನ್ನೂ ಬೇಸರದ ಸಂಗತಿಯೆಂದರೆ, ಈಜಿಕೊಂಡು ಮರೆಯಾದ ಮೀನು ಬದುಕಿತೆಂದು ಹೇಳುವ ಹಾಗೂ ಇಲ್ಲ. ಅಂದಿನಿಂದ ನಾನು ಪಾಲಿಸುವ ಲೆಕ್ಕ ಹೀಗಿದೆ: ಇಪ್ಪತ್ತೈದು ಅಡಿಗಿಂತ ಆಳದಲ್ಲಿ ಹಿಡಿದ ಮೊದಲ ಕ್ರಾಪಿಯಿಂದಲೇ, ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲವೂ ಬಕೆಟ್ಟಿಗೆ, ಸಾರಿಗೆ ಸಾಕಾಗುವಷ್ಟು, ಐದೋ ಆರೋ ಆದ ಕೂಡಲೇ ಆ ಹಿಂಡನ್ನು ಬಿಟ್ಟು ಹೊರಡುವುದು. ಕಚ್ಚುತ್ತಿರುವ ಹಿಂಡನ್ನು ಬಿಟ್ಟು ಮೋಟಾರು ಚಾಲೂ ಮಾಡುವುದು ಎಷ್ಟು ಕಷ್ಟವೆಂಬುದು ಗಾಳ ಹಿಡಿದವರಿಗೆ ಮಾತ್ರ ಗೊತ್ತು.

ಹಾಗೆ ಹೊರಟು ಹೋಗಲು ನನಗೆ ನೆಪವಾಗಿ ಒದಗಿದ್ದು ವಾಲ್‌ಐ. ಎರಡೂ ಮೀನು ಒಂದೇ ನೀರಿನಲ್ಲಿದ್ದರೂ ಅವುಗಳ ಏಳುಬೀಳು ಒಂದೇ ಅಲ್ಲ. ರಾಜ್ಯದ ಉತ್ತರದ ರೆಡ್ ಲೇಕ್ ಸರೋವರದಲ್ಲಿ 1990ರ ದಶಕದಲ್ಲಿ ಅತಿಯಾದ ಬೇಟೆಯಿಂದ ವಾಲ್‌ಐ ಸಂತತಿ ಕುಸಿದಿತ್ತು. ಅಲ್ಲಿನ ಒಜಿಬ್ವೆ ಬುಡಕಟ್ಟಿನವರು 1997ರಲ್ಲಿ ತಮ್ಮ ಮೀನುಗಾರಿಕೆಯನ್ನೇ ನಿಲ್ಲಿಸಿದರು, 1999ರಲ್ಲಿ ಸರಕಾರವೂ ತನ್ನ ಭಾಗದಲ್ಲಿ ನಿಷೇಧ ಹೇರಿತು, ಮರಿಗಳನ್ನು ಬಿಡಲಾಯಿತು, 2006ರಲ್ಲಷ್ಟೇ ವಾಲ್‌ಐ ಹಿಡಿಯಲು ಮತ್ತೆ ಅವಕಾಶ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಅದೇ ನೀರಿನಲ್ಲಿ ಕ್ರಾಪಿ ಎಲ್ಲೆಯಿಲ್ಲದೆ ಹೆಚ್ಚಿತು. ಆ ಕಾಲದ ದಪ್ಪ ಕ್ರಾಪಿಗಳ ಕತೆ ಎರೆ ಅಂಗಡಿಗಳಲ್ಲಿ ಇವತ್ತಿಗೂ ಮುಗಿದಿಲ್ಲ.

ವಾಲ್‌ಐ ಮುಸ್ಸಂಜೆಯ ಮೀನು. ಅದರ ಕಣ್ಣಿನ ಹಿಂದೆ ಬೆಕ್ಕಿನ ಕಣ್ಣಿಗಿರುವಂತೆ ಬೆಳಕನ್ನು ಮರಳಿಸುವ ಪದರವಿದೆ. ತಾನು ಬೆನ್ನಟ್ಟುವ ಸಣ್ಣ ಮೀನಿಗೆ ಕಣ್ಣು ಕಾಣದಾಗುವ ಹೊತ್ತು ಇದಕ್ಕೆ ಊಟದ ಹೊತ್ತು. ಹೆಣ್ಣುಗಳು ಮುಂದಿನ ವಸಂತಕ್ಕೆ ಬೇಕಾದ ತತ್ತಿಯನ್ನು ಶರತ್ಕಾಲದಿಂದಲೇ ಬೆಳೆಸಿಕೊಳ್ಳುವುದರಿಂದ ಆಗ ಅವುಗಳ ಹಸಿವು ಜೋರು. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಐದಕ್ಕೇ ನಾನು ನೀರಿನೊಳಕ್ಕೆ ಚಾಚಿಕೊಂಡ ಕಲ್ಲುತಳದ ಒಂದು ಮೂತಿಯ ಅಂಚಿಗೆ, ಎಂಟು ಅಡಿ ನೀರು ಇಪ್ಪತ್ತಕ್ಕೆ ಜಾರುವ ಜಾಗಕ್ಕೆ ಬಂದಿರುತ್ತೇನೆ. ಈ ಕೆಲಸಕ್ಕೆ ಎರೆ ದೊಡ್ಡದಿರಬೇಕು: ನಾಲ್ಕೈದು ಅಂಗುಲದ ಚಬ್ ಮೀನು. ಡಜನ್ನಿನ ಬೆಲೆ ಕೇಳಿದರೆ ಅದನ್ನೇ ಹುರಿದು ತಿನ್ನುವುದು ಲಾಭವೆನಿಸುತ್ತದೆ. ದಾರದ ಮೇಲೆ ಜಾರುವ ಸೀಸ, ಅದರ ಮುಂದೆ ಮೂರಡಿ ದಾರ, ತುದಿಗೆ ತುಟಿಯಲ್ಲಿ ಗಾಳ ಚುಚ್ಚಿದ ಚಬ್. ದೋಣಿಯನ್ನು ನಡಿಗೆಗಿಂತ ನಿಧಾನವಾಗಿ ಸಾಗಿಸುತ್ತ, ದಾರವನ್ನು ತೋರುಬೆರಳಿನ ಮೇಲೆ ಹಿಡಿದಿರಬೇಕು. ವಾಲ್‌ಐ ಹತ್ತಿರ ಬಂದರೆ ಮೊದಲು ಚಬ್‌ಗೇ ಗೊತ್ತಾಗುತ್ತದೆ. ಅದು ಗಾಬರಿಯಿಂದ ಒದ್ದಾಡುವುದು ಬೆರಳಿಗೆ ನಡುಕವಾಗಿ ಬರುತ್ತದೆ. ಆಮೇಲೆ ಒಂದು ‘ತಟ್’. ಕೂಡಲೇ ದಾರ ಸಡಿಲಿಸಿ, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಆ ನಂತರ ಎಳೆಯಬೇಕು. ಹತ್ತಕ್ಕೇ ಎಳೆದ ದಿನಗಳಲ್ಲಿ ಹಲ್ಲಿನ ಗೀರುಬಿದ್ದ ಚಬ್ ಮಾತ್ರ ಕೈಗೆ ಬಂದಿದೆ.

ಅಂಥದೊಂದು ಸಂಜೆ ತಲೆದೀಪದ ಬೆಳಕಿನಲ್ಲಿ ಕೈಬಲೆಯೊಳಗೆ ಮೊದಲು ಕಂಡದ್ದು ಎರಡು ಕಿತ್ತಳೆ ಕೆಂಡಗಳು. ಮೀನಿನ ಮೈ ಕಂಡದ್ದು ಆಮೇಲೆ. ಇಪ್ಪತ್ತಾರು ಅಂಗುಲದ ಹೆಣ್ಣು. ಬೆನ್ನಿನ ಮುಳ್ಳುರೆಕ್ಕೆಯನ್ನು ತಲೆಯ ಕಡೆಯಿಂದ ಸವರಿ ಮಡಚಿ ಹಿಡಿಯದಿದ್ದರೆ ಅಂಗೈ ಸೀಳುತ್ತದೆ, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿರುತ್ತದೆ. ಇವೆರಡನ್ನೂ ರಕ್ತ ಕೊಟ್ಟೇ ಕಲಿತಿದ್ದೇನೆ. ಹನ್ನೆರಡು ಅಡಿ ನೀರಿನಿಂದ ಬಂದ ಮೀನಾದ್ದರಿಂದ ಅದನ್ನು ನಿಶ್ಚಿಂತೆಯಿಂದ ಬಿಟ್ಟೆ. ನಾನು ಮನೆಗೆ ಒಯ್ಯುವುದು ಹದಿನೈದರಿಂದ ಹದಿನೆಂಟು ಅಂಗುಲದವನ್ನು ಮಾತ್ರ. ದೊಡ್ಡ ವಾಲ್‌ಐಯಲ್ಲಿ ಪಾದರಸದ ಅಂಶ ಹೆಚ್ಚು, ಗರ್ಭಿಣಿಯರೂ ಮಕ್ಕಳೂ ಅದನ್ನು ಮಿತವಾಗಿ ತಿನ್ನಬೇಕೆಂದು ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ. ರುಚಿಯಲ್ಲೂ ಚಿಕ್ಕದೇ ಮೇಲು.

ಇಲ್ಲಿನವರು ವಾಲ್‌ಐಯನ್ನು ಬಿಸ್ಕತ್ತಿನ ಪುಡಿ ಹಚ್ಚಿ ಕರಿಯುತ್ತಾರೆ. ನಮ್ಮ ಮನೆಯಲ್ಲಿ ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಬೆಳ್ಳುಳ್ಳಿ, ಗಟ್ಟಿ ಹುಣಸೆ ರಸ ಕಲಸಿ ಅರ್ಧ ಗಂಟೆ ಇಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುತ್ತೇವೆ. ಕುಂದಾಪುರದ ಗೆಳೆಯನೊಬ್ಬ ಮೊದಲ ತುಂಡು ಬಾಯಿಗಿಟ್ಟು, “ಇದು ನಮ್ಮ ಕಾಣೆ ಮೀನಿನ ಬಿಳಿ ದಾಯಾದಿ ಮಾರಾಯ” ಎಂದ. ಕ್ರಾಪಿಯ ಮಾಂಸ ಅದಕ್ಕಿಂತ ಮೃದು. ಸಾರಿಗೆ ಹಾಕುವುದಾದರೆ ಒಲೆ ಆರಿಸುವ ಮೂರು ನಿಮಿಷ ಮೊದಲು ಹಾಕಬೇಕು, ಇಲ್ಲವಾದರೆ ಸೌಟಿಗೆ ಸಿಗುವುದು ಗಸಿ ಮಾತ್ರ.

ನವೆಂಬರಿನಲ್ಲಿ ಜಾಗ್ರತೆಯೂ ಹೆಚ್ಚಬೇಕು. ಆ ನೀರಿಗೆ ಬಿದ್ದವನು ಮುಳುಗುವ ಮೊದಲೇ ಉಸಿರು ಕಟ್ಟಿ ಏದುತ್ತಾನೆ, ಕೈಕಾಲು ಮಾತು ಕೇಳುವುದಿಲ್ಲ. ಲೈಫ್ ಜಾಕೆಟ್ಟನ್ನು ಕುರ್ಚಿಗೆ ಹಾಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊರಡುವಾಗಿನ ಕೆಲಸ ಬೇರೆ. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ದೊಡ್ಡ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯ ನೀರಿನಲ್ಲೇ ಹೋಗಬಲ್ಲದು. ಆದ್ದರಿಂದ ದೋಣಿಯ ತಳದ ಬಿರಡೆಯನ್ನು ಕಿತ್ತು, ನೀರು ಬಸಿದು, ಕಳೆಯನ್ನೆಲ್ಲ ತೆಗೆದೇ ಹೊರಡಬೇಕೆಂಬುದು ಇಲ್ಲಿನ ಕಾನೂನು. ಉಳಿದ ಎರೆಮೀನು ಬೇಕಿದ್ದರೆ ಸರೋವರದ ನೀರನ್ನು ಚೆಲ್ಲಿ ನಲ್ಲಿ ನೀರಿಗೆ ವರ್ಗಾಯಿಸಬೇಕು. ಅದಕ್ಕೆಂದೇ ಕ್ಲೋರಿನ್ ಹೋಗಲೆಂದು ಹಿಂದಿನ ರಾತ್ರಿ ತೆರೆದಿಟ್ಟ ಒಂದು ಕ್ಯಾನ್ ನೀರನ್ನು ಕಾರಿನಲ್ಲಿ ಒಯ್ಯುತ್ತೇನೆ. ಬಿರಡೆ ಕೀಳುವ ಕಾನೂನಿದೆ, ಮತ್ತೆ ಹಾಕಲು ನೆನಪಿಸುವವರಿಲ್ಲ. ಒಂದು ಬೆಳಿಗ್ಗೆ ದಡದಿಂದ ಇನ್ನೂರು ಅಡಿ ಹೋದ ಮೇಲೆ ಬೂಟಿನೊಳಗೆ ತಣ್ಣಗಾಯಿತು. ನೋಡಿದರೆ ಎರೆಮೀನಿನ ಡಬ್ಬಿ ದೋಣಿಯೊಳಗೇ ತೇಲುತ್ತಿತ್ತು. ಬಕೆಟ್ಟಿನಲ್ಲಿ ಮೊಗೆದು ಚೆಲ್ಲುತ್ತ ಹೇಗೋ ದಡ ಸೇರಿದೆ.

ಕಳೆದ ವರ್ಷ ಕೊನೆಯ ಸಲ ಹೋದದ್ದು ನವೆಂಬರ್ ಎರಡನೆಯ ವಾರದಲ್ಲಿ. ಕಟ್ಟೆಯ ಬಳಿ ಗಾಜಿನಂಥ ತೆಳು ಮಂಜುಗಡ್ಡೆ ಕಟ್ಟಿತ್ತು, ಹುಟ್ಟಿನ ತುದಿ ತಾಗಿದಲ್ಲೆಲ್ಲ ಬಳೆ ಒಡೆದ ಸದ್ದು. ನಾಲ್ಕು ಕ್ರಾಪಿ, ಒಂದು ವಾಲ್‌ಐ. ಕತ್ತಲಾದ ಮೇಲೆ ದೋಣಿಯನ್ನು ಟ್ರೇಲರಿಗೆ ಏರಿಸಿ, ಬಿರಡೆ ಕಿತ್ತು, ನೀರು ಇಳಿಯುವ ತನಕ ಕೈ ಉಜ್ಜುತ್ತ ನಿಂತೆ. ಈಗ ಆ ಬಿರಡೆ ಕಾರಿನ ಬೀಗದ ಕೈಯ ಗೊಂಚಲಿನಲ್ಲಿದೆ.