ಒಂದು ದಿನದ ಪಾಸಲ್ಲಿ ಟೋಕಿಯೊ: ಹೊಸದಾಗಿ ಬಂದಿರೋ ನಮ್ಮ ಕುಟುಂಬಗಳಿಗೆ

ನೀವು ಬಂದು ಹದಿನೈದು ದಿನವೋ ತಿಂಗಳೋ ಆಗಿರತ್ತೆ, ಮನೆ ಸಿಕ್ಕಿದೆ, ಗ್ಯಾಸ್ ಬಂದಿದೆ, ಕುಕ್ಕರ್ ಕೂಗ್ತಿದೆ, ಆದ್ರೆ ಶನಿವಾರ ಬಂತು ಅಂದ್ರೆ ನಮ್ಮವರು ಜಾಸ್ತಿ ಇರೋ ನಿಶಿಕಸಾಯ್ ಸ್ಟೇಷನ್ ಸುತ್ತ ಒಂದು ರೌಂಡು, ಇಂಡಿಯನ್ ಅಂಗಡೀಲಿ ತೊಗರಿಬೇಳೆ, ಪಾರ್ಕಲ್ಲಿ ಮಕ್ಕಳಿಗೆ ಉಯ್ಯಾಲೆ, ಅಷ್ಟಕ್ಕೇ ವಾರಾಂತ್ಯ ಮುಗೀತು. ನಾವೂ ಮೊದಲ ನಾಲ್ಕು ತಿಂಗಳು ಹಾಗೇ ಕಳೆದ್ವಿ. ರೈಲಿನ ಮ್ಯಾಪ್ ನೋಡಿದ್ರೆ ಬಣ್ಣಬಣ್ಣದ ಉಲ್ಲನ್ ಗಂಟು ಬಿಚ್ಚಿ ಹಾಕಿದ ಹಾಗೆ ಕಾಣ್ತಿತ್ತು, ಎಲ್ಲಿ ಹೋದ್ರೆ ಎಷ್ಟು ದುಡ್ಡು ಕಟ್ ಆಗತ್ತೋ ಅನ್ನೋ ಭಯ ಬೇರೆ. ಆ ಭಯ ಹೋಗಿದ್ದು ಒಂದು ದಿನದ ಪಾಸಿಂದ. ಬೆಂಗಳೂರಲ್ಲಿ ಬಿಎಂಟಿಸಿ ಡೈಲಿ ಪಾಸ್ ತಗೊಂಡು ಮೆಜೆಸ್ಟಿಕ್‌ನಿಂದ ಊರೆಲ್ಲಾ ಸುತ್ತಿದವರಿಗೆ ಇದನ್ನ ಜಾಸ್ತಿ ವಿವರಿಸಬೇಕಿಲ್ಲ. ಒಂದೇ ಒಂದು ವ್ಯತ್ಯಾಸ ಇದೆ, ಅದು ಗೊತ್ತಿಲ್ದೇ ನಾವು ಪೆಟ್ಟು ತಿಂದ್ವಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ಪಾಸ್ ಊರಿಗಲ್ಲ, ಕಂಪನಿಗೆ

ಇದನ್ನ ಮನಸ್ಸಲ್ಲಿ ಇಟ್ಕೊಂಡ್ರೆ ಅರ್ಧ ಕೆಲಸ ಮುಗೀತು. ನಮ್ಮ ಮೆಟ್ರೋ ಅಂದ್ರೆ ಇಡೀ ಊರಿಗೆ ಒಂದೇ. ಇಲ್ಲಿ ನೆಲದ ಕೆಳಗೇ ಎರಡು ಸಂಸ್ಥೆ ಇವೆ. ಟೋಕಿಯೊ ಮೆಟ್ರೋ 9 ಲೈನ್ ನಡೆಸತ್ತೆ, ತೊಎಯ್ ಅನ್ನೋದು ಟೋಕಿಯೊ ಸರ್ಕಾರದ್ದು, ಅದು 4 ಲೈನ್. ನೆಲದ ಮೇಲೆ ಜೆಆರ್, ಅಂದ್ರೆ ಜಪಾನ್ ರೈಲ್ವೇಸ್. ಅದರ ಪಕ್ಕದಲ್ಲಿ ಒದಾಕ್ಯು, ತೊಕ್ಯು, ತೊಬು, ಕೇಸೇ ಅಂತ ಖಾಸಗಿಯವು. ಎಲ್ಲದಕ್ಕೂ ಗೇಟು ಒಂದೇ ಥರ ಕಾಣತ್ತೆ, ಸ್ಟೇಷನ್ ಹೆಸರೂ ಎಷ್ಟೋ ಸಲ ಒಂದೇ, ಆದ್ರೆ ಪಾಸ್ ಬೇರೆ.

2024ರಲ್ಲಿ ನಾವು ಕೊಂಡಾಗಿನ ರೇಟ್ ಹಾಕಿದೀನಿ, ರೇಟ್ ಏರ್ತಾ ಇರತ್ತೆ, ಮೆಷಿನ್ ಏನು ತೋರಿಸತ್ತೋ ಅದೇ ಫೈನಲ್:

- ಟೋಕಿಯೊ ಮೆಟ್ರೋ 24 ಗಂಟೆ ಟಿಕೆಟ್: 600 ಯೆನ್, ಮಕ್ಕಳಿಗೆ 300. ಮೆಟ್ರೋದ 9 ಲೈನ್ ಮಾತ್ರ.
- ಮೆಟ್ರೋ ಮತ್ತು ತೊಎಯ್ ಎರಡೂ ಸೇರಿದ ಒಂದು ದಿನದ ಟಿಕೆಟ್: 900 ಯೆನ್, ಮಕ್ಕಳಿಗೆ 450. 13 ಲೈನ್.
- ತೊಎಯ್ ಮಾರುಗೊತೊ: 700 ಯೆನ್, ಮಕ್ಕಳಿಗೆ 350. ತೊಎಯ್ ಸಬ್‌ವೇ, ತೊಎಯ್ ಸಿಟಿ ಬಸ್ಸು, ಸಕುರಾ ಟ್ರಾಮ್, ನಿಪ್ಪೊರಿ-ತೊನೆರಿ ಲೈನರ್.
- ಜೆಆರ್ ತೊಕುನಾಯ್ ಪಾಸ್: 760 ಯೆನ್, ಮಕ್ಕಳಿಗೆ 380. ಟೋಕಿಯೊ ನಗರದ 23 ವಾರ್ಡಿನೊಳಗಿನ ಜೆಆರ್ ಮಾತ್ರ.

ತಗೋಬೇಕಾ ಬೇಡ್ವಾ ಅನ್ನೋ ಲೆಕ್ಕ ಸುಲಭ. ಅದೇ ರೇಟಿನಲ್ಲಿ ಮೆಟ್ರೋದಲ್ಲಿ 6 ಕಿ.ಮೀ. ಒಳಗಿನ ಟಿಕೆಟ್ 180, 11ರ ವರೆಗೆ 210, 19ರ ವರೆಗೆ 260. ಮನೆಯಿಂದ ಹೋಗಿ, ಮಧ್ಯ ಒಂದು ಕಡೆ ಇಳಿದು, ಮತ್ತೆ ಹತ್ತಿ ವಾಪಸ್ ಬಂದ್ರೆ ಮೂರು ಸಲ ಆಯ್ತು, ಹೆಚ್ಚುಕಡಿಮೆ 600 ಆದ ಹಾಗೇ. ಒಂದೇ ಜಾಗಕ್ಕೆ ಹೋಗಿ ಬರೋದಾದ್ರೆ ಪಾಸ್ ದಂಡ, ದುಡ್ಡು ತುಂಬಿಸಿಟ್ಕೊಳ್ಳೋ ಸುಯಿಕಾ ಇಲ್ಲಾ ಪಾಸ್ಮೊ ಕಾರ್ಡ್ ತೋರಿಸಿ ಹೋಗಿ.

24 ಗಂಟೆ ಅಂದ್ರೆ ನಿಜವಾಗ್ಲೂ 24 ಗಂಟೆ, ಮೊದಲ ಗೇಟಿಗೆ ಹಾಕಿದ ಹೊತ್ತಿಂದ ಲೆಕ್ಕ. ಶನಿವಾರ ಮಧ್ಯಾಹ್ನ ಊಟ ಮುಗಿಸಿ 2 ಗಂಟೆಗೆ ಹೊರಟ್ರೆ ಭಾನುವಾರ 2 ಗಂಟೆವರೆಗೂ ಅದೇ ಚೀಟಿ ನಡೆಯತ್ತೆ. ನಮ್ಮವರು ಇದನ್ನ ಉಪಯೋಗಿಸ್ಕೊಳ್ಳೋದೇ ಇಲ್ಲ, ಬೆಳಗ್ಗೆ 8ಕ್ಕೆ ತಗೊಂಡು ಸಂಜೆ 5ಕ್ಕೆ ಮನೆ ಸೇರಿ ಎಸೆದುಬಿಡ್ತಾರೆ. 900ರದ್ದು ಮಾತ್ರ ಆ ದಿನದ ಕೊನೇ ರೈಲಿಗೆ ಮುಗೀತು, ಅದನ್ನ ಬೆಳಗ್ಗೆನೇ ತಗೊಳ್ಳಿ.

ನಕಾನೊ ದಾಟೋ ಮುಂಚೆ ಇದನ್ನ ಓದಿ

ನಮ್ಮ ಮೊದಲ ವಸಂತ. ಕಿಚಿಜೋಜಿ ಸ್ಟೇಷನ್ ಹತ್ತಿರದ ಇನೊಕಾಶಿರಾ ಪಾರ್ಕಲ್ಲಿ ಸಕುರಾ, ಅಂದ್ರೆ ಚೆರ್ರಿ ಹೂವು, ತುಂಬಾ ಚೆನ್ನಾಗಿದೆ ಅಂತ ಯಾರೋ ಹೇಳಿದ್ರು. ಊರಿಂದ ಅತ್ತೆ ಬಂದಿದ್ರು, ಮಗಳಿಗೆ 7 ವರ್ಷ. ನಾಲ್ಕು ಜನಕ್ಕೂ ಮೆಟ್ರೋ 24 ಗಂಟೆ ಟಿಕೆಟ್ ತಗೊಂಡು ನಿಶಿಕಸಾಯಲ್ಲಿ ತೊಝಾಯ್ ಲೈನ್ ಹತ್ತಿದ್ವಿ. ಸೀಟೂ ಸಿಕ್ತು. ರೈಲು ಸೀದಾ ಕಿಚಿಜೋಜಿಗೇ ಹೋಗತ್ತೆ ಅಂತ ಬೋರ್ಡಲ್ಲಿ ಇತ್ತು, ಇನ್ನೇನು ಬೇಕು ಅಂತ ಆರಾಮಾಗಿ ಕೂತ್ವಿ. ನಕಾನೊದಲ್ಲಿ ರೈಲು ಒಂದೆರಡು ನಿಮಿಷ ನಿಂತಿತು, ಮುಂದಕ್ಕೆ ಹೊರಟಿತು. ನಾವು ಕೂತಿದ್ದ ಬೋಗಿ ಅದೇ, ಸೀಟು ಅದೇ, ಎದುರುಗಡೆ ನಿದ್ದೆ ಮಾಡ್ತಿದ್ದ ತಾತನೂ ಅದೇ. ಬದಲಾಗಿದ್ದು ಹಳಿಯ ಒಡೆಯ. ನಕಾನೊವರೆಗೆ ಮೆಟ್ರೋ, ಅಲ್ಲಿಂದ ಆಚೆ ಮಿತಾಕಾವರೆಗೆ ಜೆಆರ್ ಹಳಿ.

ಕಿಚಿಜೋಜಿಯಲ್ಲಿ ಮಗಳು ಮೊದಲು ಚೀಟಿ ಹಾಕಿದ್ಲು. ಟಿಣ್ ಅಂತ ಸದ್ದು, ಗೇಟಿನ ಎರಡು ರೆಕ್ಕೆ ಅವಳ ಹೊಟ್ಟೆ ಮಟ್ಟಕ್ಕೆ ಮುಚ್ಚಿತು. 'ಅಮ್ಮಾ, ಬಿಡ್ತಿಲ್ಲ' ಅಂತ ಹಿಂದಕ್ಕೆ ತಿರುಗಿ ನೋಡಿದ್ಲು. ನಮ್ಮ ಹಿಂದೆ ಸಕುರಾ ನೋಡೋಕೆ ಬಂದವರ ಸಾಲು, ಒಬ್ಬರೂ ಒಂದು ಮಾತಾಡಲಿಲ್ಲ, ಸುಮ್ಮನೆ ಪಕ್ಕದ ಗೇಟಿಗೆ ಸರಿದ್ರು. ಅತ್ತೆಗೆ ಕೈ ನಡುಗೋಕೆ ಶುರುವಾಯ್ತು, ಟಿಕೆಟ್ ಇಲ್ದೆ ಬಂದಿದೀವಿ ಅಂತ ಹಿಡ್ಕೊಳ್ತಾರೆ, ಮಾನ ಹೋಯ್ತು ಅಂತ ನನ್ನ ಸೆರಗು ಹಿಡ್ಕೊಂಡು ನಿಂತ್ರು. ಕಿಟಕಿಯಲ್ಲಿದ್ದ ಸಿಬ್ಬಂದಿ ಮ್ಯಾಪ್ ಹರಡಿ ನಕಾನೊ ಮೇಲೆ ಬೆರಳಿಟ್ಟು, ಅಲ್ಲಿಂದ ಇಲ್ಲಿವರೆಗೆ ಗೆರೆ ಎಳೆದು ತೋರಿಸಿ, ಕ್ಯಾಲ್ಕುಲೇಟರಲ್ಲಿ ನಾಲ್ಕು ಜನದ ದುಡ್ಡು ಒತ್ತಿ ನಮ್ಮ ಕಡೆ ತಿರುಗಿಸಿದ್ರು. ಅಷ್ಟೇ. ದಂಡ ಇಲ್ಲ, ಬೈಗುಳ ಇಲ್ಲ, ದುಡ್ಡು ತಗೊಂಡು ತಲೆ ಬಾಗಿಸಿದ್ರು.

ಹಾಗಾಗಿ ಎರಡು ವಿಷಯ. ಒಂದು, ಗೇಟ್ ಮುಚ್ಚಿದ್ರೆ ಹೆದರಬೇಡಿ. ಹೆಚ್ಚಿಗೆ ಹೋದ ದೂರದ ದುಡ್ಡು ಕಟ್ಟೋದಕ್ಕೆ ಇಲ್ಲಿ ಸೇಸಾನ್ ಅಂತಾರೆ, ಅದು ದಿನಾ ಸಾವಿರಾರು ಜನ ಮಾಡೋ ಕೆಲಸ. ಪಕ್ಕದ ಕಿಟಕಿಗೆ ಹೋಗಿ 'ಸುಮಿಮಾಸೆನ್' (ಕ್ಷಮಿಸಿ) ಅಂತ ಚೀಟಿ ಕೊಡಿ, ಅವರೇ ನೋಡ್ಕೋತಾರೆ. ಗೇಟ್ ಹಾರೋದು, ಮುಂದಿನವರ ಬೆನ್ನಿಗೆ ಅಂಟ್ಕೊಂಡು ದಾಟೋದು, ಇದನ್ನ ದಯವಿಟ್ಟು ಯಾರೂ ಮಾಡಬೇಡಿ, ಮಕ್ಕಳು ನೋಡ್ತಿರ್ತಾರೆ.

ಎರಡು, ನಿಮ್ಮ ಪಾಸಿನ ಗಡಿ ಬಾಯಿಪಾಠ ಮಾಡಿ. ಮೆಟ್ರೋ ಪಾಸಿಗೆ ಗಡಿಗಳು ಇವು, ರೈಲು ನಿಲ್ಲದೆ ಮುಂದೆ ಹೋದ್ರೂ ಪಾಸ್ ಇಲ್ಲಿಗೇ ನಿಲ್ಲತ್ತೆ:

- ತೊಝಾಯ್: ನಕಾನೊ, ಆ ಕಡೆ ನಿಶಿಫುನಾಬಾಶಿ
- ಚಿಯೊದಾ: ಯೊಯೊಗಿ ಉಎಹಾರಾ, ಆ ಕಡೆ ಅಯಾಸೆ (ಕಿತಾ ಅಯಾಸೆ ಕವಲು ಮೆಟ್ರೋದ್ದೇ)
- ಹಾನ್ಝೊಮೊನ್: ಶಿಬುಯಾ, ಆ ಕಡೆ ಒಶಿಆಗೆ
- ಫುಕುತೊಶಿನ್: ಶಿಬುಯಾ, ಆ ಕಡೆ ವಾಕೋಶಿ. ಶಿಬುಯಾ ದಾಟಿದ್ರೆ ಅದೇ ರೈಲು ಯೊಕೊಹಾಮಾ ಕಡೆ ಹೋಗಿಬಿಡತ್ತೆ, ಹುಷಾರು
- ಹಿಬಿಯಾ: ಕಿತಾಸೆಂಜು
- ನಂಬೊಕು: ಮೆಗುರೊ, ಆ ಕಡೆ ಅಕಾಬಾನೆ ಇವಾಬುಚಿ
- ಯುರಾಕುಚೊ: ವಾಕೋಶಿ

ಗಿನ್ಜಾ ಮತ್ತೆ ಮರುನೊಉಚಿ ಲೈನಲ್ಲಿ ಈ ತಲೆನೋವೇ ಇಲ್ಲ. ಅವೆರಡಕ್ಕೂ ಕರೆಂಟು ಬರೋದು ಹಳಿ ಪಕ್ಕದ ಮೂರನೇ ಹಳಿಯಿಂದ, ಬೇರೆ ಕಂಪನಿ ರೈಲು ಅಲ್ಲಿಗೆ ಬರೋಕಾಗಲ್ಲ, ಇವೂ ಆಚೆ ಹೋಗಲ್ಲ. ಮೊದಲ ಸಲ ಹೊರಡೋರು ಈ ಎರಡು ಲೈನಿಂದ ಶುರು ಮಾಡಿ. ಗಿನ್ಜಾ ಲೈನ್ 1927ರಲ್ಲಿ ಉಎನೊ ಅಸಾಕುಸ ನಡುವೆ ಶುರುವಾಗಿದ್ದು, ಏಷ್ಯಾದಲ್ಲೇ ಮೊದಲ ಸಬ್‌ವೇ.

ಜೆಆರ್ ತೊಕುನಾಯ್ ಪಾಸಿಗೂ ಇಂಥದೇ ಗಡಿ ಇದೆ. ಕೇಯೊ ಲೈನಲ್ಲಿ ಕಸಾಯ್ ರಿಂಕಾಯ್ ಕೊಯೆನ್‌ವರೆಗೆ ನಡೆಯತ್ತೆ, ಮುಂದಿನ ಸ್ಟೇಷನ್ ಮೈಹಾಮಾ ಪಕ್ಕದ ಚಿಬಾ ಪ್ರಾಂತ್ಯಕ್ಕೆ ಸೇರಿದ್ದು. ಡಿಸ್ನಿಲ್ಯಾಂಡ್ ಇರೋದು ಆ ಮೈಹಾಮಾದಲ್ಲೇ. ಪ್ರತಿ ವರ್ಷ ಯಾರಾದ್ರೂ ಒಬ್ಬರು ಅಲ್ಲಿಂದ ಫೋನ್ ಮಾಡ್ತಾರೆ.

ಇನ್ನೊಂದು, ತೊಝಾಯ್ ಲೈನಲ್ಲಿ ಕೈಸೊಕು ಅಂದ್ರೆ ರ್‍ಯಾಪಿಡ್ ಹತ್ತಿದ್ರೆ ಅದು ನಿಶಿಕಸಾಯಲ್ಲೂ ನಿಲ್ಲಲ್ಲ, ಕಸಾಯಲ್ಲೂ ನಿಲ್ಲಲ್ಲ. ತೊಯೊಚೊ ಬಿಟ್ರೆ ಉರಾಯಾಸು. ಪಾಸಿದ್ರೆ ದುಡ್ಡಿನ ನಷ್ಟ ಇಲ್ಲ, ಆದ್ರೆ ನಿದ್ದೆ ಬಂದ ಮಗೂನ ಹೆಗಲ ಮೇಲೆ ಹಾಕ್ಕೊಂಡು ಎದುರಿನ ಪ್ಲಾಟ್‌ಫಾರ್ಮಿಗೆ ಮೆಟ್ಟಿಲು ಹತ್ತಿ ಇಳಿಯೋದು ಸಾಕಪ್ಪಾ ಸಾಕು ಅನ್ಸತ್ತೆ.

ಮಕ್ಕಳು

6 ವರ್ಷ ಆಗದ ಮಕ್ಕಳು, ಟಿಕೆಟ್ ಇರೋ ದೊಡ್ಡವರೊಬ್ಬರ ಜೊತೆ ಇಬ್ಬರವರೆಗೆ ಫ್ರೀ. ಪ್ರೈಮರಿ ಸ್ಕೂಲ್ ಮಕ್ಕಳಿಗೆ ಅರ್ಧ. ಸ್ಟ್ರೋಲರ್ ಮಡಚಬೇಕಿಲ್ಲ. ಲಿಫ್ಟ್ ಸ್ಟೇಷನ್ನಿನ ಎಲ್ಲ ಬಾಗಿಲಲ್ಲೂ ಇರಲ್ಲ, ಹಳದಿ ಬೋರ್ಡಲ್ಲಿ ನೋಡಿ. ತೊಎಯ್ ಒಎದೊ ಲೈನ್ ತುಂಬಾ ಆಳ, ರೊಪ್ಪೊಂಗಿಯಲ್ಲಿ 42 ಮೀಟರ್ ಕೆಳಗಿದೆ, ಸ್ಟ್ರೋಲರ್ ಇದ್ರೆ ಹತ್ತು ನಿಮಿಷ ಜಾಸ್ತಿ ಇಟ್ಕೊಳ್ಳಿ.

ನಮ್ಮ ದೇವರುಗಳ ದಾರಿ

ನಮ್ಮ ಸಂಘದಲ್ಲಿ ಹೊಸಬರಿಗೆ ಮೊದಲು ತೋರಿಸೋ ದಾರಿ ಇದು, ಎಲ್ಲಾ ಮೆಟ್ರೋ ಪಾಸಲ್ಲೇ. ಸ್ಟೇಷನ್ ಹೆಸರು ಬಾಯಿಗೆ ಬರಲಿಲ್ಲ ಅಂದ್ರೆ ಅಕ್ಷರ, ನಂಬರ್ ನೋಡ್ಕೊಳ್ಳಿ. ನಿಶಿಕಸಾಯ್ ಟಿ 16, ಅಲ್ಲಿಂದ ನಿಹೊಂಬಾಶಿ ಟಿ 10ರಲ್ಲಿ ಇಳಿದು ಗಿನ್ಜಾ ಲೈನ್ ಹಿಡಿದು ಕೊನೇ ಸ್ಟೇಷನ್ ಅಸಾಕುಸ, ಜಿ 19. ಕೆಂಪು ದೀಪದ ಕಾಮಿನಾರಿಮೊನ್ ಬಾಗಿಲು, ಸೆನ್ಸೋಜಿ ಬೌದ್ಧ ಮಂದಿರ, ಇದೆಲ್ಲಾ ಎಲ್ಲರೂ ನೋಡ್ತಾರೆ. ನೀವು ಅಲ್ಲಿಂದ ಸುಮಿದಾ ನದಿ ಪಕ್ಕ ಹತ್ತು ನಿಮಿಷ ಉತ್ತರಕ್ಕೆ ನಡೀರಿ, ಮಾತ್ಸುಚಿಯಾಮಾ ಶೋದೆನ್ ಅನ್ನೋ ಸಣ್ಣ ಗುಡ್ಡದ ಗುಡಿ ಸಿಗತ್ತೆ. ಅಲ್ಲಿರೋ ದೇವರು ಕಾಂಗಿತೆನ್, ಮೂಲದಲ್ಲಿ ನಮ್ಮ ಗಣಪತಿ. ಮೂರ್ತಿ ದರ್ಶನಕ್ಕೆ ಇಡಲ್ಲ. ನೈವೇದ್ಯ ಏನು ಗೊತ್ತಾ, ಮೂಲಂಗಿ. ಎಳೆ ಸೊಪ್ಪು ಸಮೇತ ಬಿಳಿ ದೈಕೊನ್ ಮೂಲಂಗಿ ಸಾಲಾಗಿ ಜೋಡಿಸಿಟ್ಟಿರ್ತಾರೆ, ಗೋಡೆಯಲ್ಲಿ, ಮೆಟ್ಟಿಲಲ್ಲಿ ಎಲ್ಲಾ ಕಡೆ ಜೋಡಿ ಮೂಲಂಗಿ, ದುಡ್ಡಿನ ಚೀಲದ ಕೆತ್ತನೆ. ಕಡುಬು ಕೇಳೋ ನಮ್ಮಪ್ಪ ಇಲ್ಲಿಗೆ ಬಂದು ಮೂಲಂಗಿ ತಿಂತಾನೆ ಅಂತ ಅತ್ತೆ ಬಹಳ ಹೊತ್ತು ನೋಡ್ತಾ ನಿಂತಿದ್ರು.

ವಾಪಸ್ ಗಿನ್ಜಾ ಲೈನಲ್ಲಿ ಉಎನೊ, ಜಿ 16. ಪಾರ್ಕಿನ ಶಿನೊಬಾಝು ಕೆರೆ ಮಧ್ಯ ಬೆಂತೆನ್‌ದೋ ಅನ್ನೋ ಗುಡಿ ಇದೆ. ಅಲ್ಲಿನ ದೇವರು ಬೆಂಝೈತೆನ್ ಅಂದ್ರೆ ಸರಸ್ವತಿ, ಜಪಾನಲ್ಲಿ ಸಾಮಾನ್ಯವಾಗಿ ಕೈಯಲ್ಲಿ ವೀಣೆ ಬದಲು ಬಿವಾ ಅನ್ನೋ ತಂತಿವಾದ್ಯ. ಜುಲೈ ಆಗಸ್ಟಲ್ಲಿ ಹೋದ್ರೆ ಕೆರೆ ತುಂಬಾ ತಾವರೆ, ನೀರೇ ಕಾಣಲ್ಲ. ಅತ್ತೆ ಚಪ್ಪಲಿ ಎಲ್ಲಿ ಬಿಡೋದು ಅಂತ ಹುಡುಕಿ, ಜಾಗ ಸಿಗದೆ, ಹಾಗೇ ಹೊರಗೆ ನಿಂತು ಕಣ್ಣುಮುಚ್ಚಿ ಸಣ್ಣ ದನಿಯಲ್ಲಿ ಸರಸ್ವತಿ ಶ್ಲೋಕ ಹೇಳಿದ್ರು. ಬಂದು ಒಂದು ತಿಂಗಳಾದ ಮೇಲೆ ಅವರ ಮುಖದಲ್ಲಿ ನೆಮ್ಮದಿ ಕಂಡಿದ್ದು ಆವತ್ತೇ.

ಮಾರನೇ ದಿನ ಬೆಳಗ್ಗೆ, ಅದೇ ಚೀಟಿಯಲ್ಲಿ, ತೊಝಾಯಲ್ಲಿ ಕಯಾಬಾಚೊ, ಅಲ್ಲಿಂದ ಹಿಬಿಯಾ ಲೈನಲ್ಲಿ ತ್ಸುಕಿಜಿ. ಅಲ್ಲಿನ ಹೊಂಗಾನ್‌ಜಿ ಬೌದ್ಧ ಮಂದಿರ 1934ರದ್ದು, ಕಟ್ಟಿದ ವಾಸ್ತುಶಿಲ್ಪಿ ಇತೊ ಚೂತಾ. ಕಮಾನು ನೋಡಿದ ತಕ್ಷಣ ಅಜಂತಾ ನೆನಪಾಗತ್ತೆ. ಟೈಮಿದ್ರೆ ಮರುನೊಉಚಿ ಲೈನಲ್ಲಿ ಹಿಗಾಶಿ ಕೊಎಂಜಿಗೆ ಹೋಗಿ, ನೇತಾಜಿ ಸುಭಾಷರ ಚಿತಾಭಸ್ಮ ಅಂತ 1945ರಿಂದ ಕಾಪಾಡ್ಕೊಂಡು ಬಂದಿರೋ ರೆಂಕೋಜಿ ಬೌದ್ಧ ಮಂದಿರ ಇರೋದು ಅಲ್ಲಿ, ಅಂಗಳದಲ್ಲಿ ಅವರ ಪ್ರತಿಮೆ ಇದೆ. ಇಷ್ಟು ಹತ್ತಿರ ಇದ್ದೂ ಹತ್ತು ವರ್ಷದಿಂದ ಹೋಗದೇ ಇರೋ ನಮ್ಮವರು ಇದಾರೆ, ಅದು ಸರಿಯಲ್ಲ.

ಮಳೆ ಬಂದ್ರೆ ಕಸಾಯ್ ಸ್ಟೇಷನ್ ಕೆಳಗಿರೋ ಮೆಟ್ರೋ ಮ್ಯೂಸಿಯಂ. 1927ರ ಹಳದಿ ಬೋಗಿ ಇಟ್ಟಿದಾರೆ. ದೊಡ್ಡವರಿಗೆ 220, ಮಕ್ಕಳಿಗೆ 100 ಯೆನ್. ಸೋಮವಾರ ರಜ.

ರೈಲಿನೊಳಗೆ

- ಊರಿಗೆ ವಿಡಿಯೋ ಕಾಲ್, ಅದೂ ಸ್ಪೀಕರಲ್ಲಿ, ಬೇಡವೇ ಬೇಡ. ನಾವೊಬ್ಬರು ಮಾಡಿದ್ರೆ ಎಲ್ಲ ಭಾರತೀಯರ ಲೆಕ್ಕಕ್ಕೆ ಬರತ್ತೆ.
- ಬ್ಯಾಗ್ ಬೆನ್ನಿಗಲ್ಲ, ಎದೆಗೆ.
- ಪುಳಿಯೋಗರೆ ಡಬ್ಬಿ ರೈಲಲ್ಲಿ ತೆಗೀಬೇಡಿ. ಉಎನೊ ಪಾರ್ಕಲ್ಲಿ ಬೆಂಚಿದೆ.
- ಕಸದ ಬುಟ್ಟಿ ಸಿಗಲ್ಲ. ಒಂದು ಕವರ್ ಇಟ್ಕೊಂಡು ಮನೆಗೆ ತನ್ನಿ.
- ಎಸ್ಕಲೇಟರಲ್ಲಿ ಎಡಕ್ಕೆ ನಿಲ್ಲಿ.
- ಮಧ್ಯರಾತ್ರಿ ಆಗಿ ಸ್ವಲ್ಪ ಹೊತ್ತಾದ್ಮೇಲೆ ರೈಲಿಲ್ಲ, ಬೆಳಗ್ಗೆ ಸುಮಾರು 5ರವರೆಗೂ.

ಚೀಟಿ ಬಗ್ಗೆ

ಮೆಷಿನಲ್ಲಿ ಇಂಗ್ಲಿಷ್ ಬಟನ್ ಇದೆ. ನಗದು ಇಟ್ಕೊಳ್ಳಿ. ಕಾಗದದ ಚೀಟಿ ಹಾಕೋ ಸೀಳು ಎಲ್ಲ ಗೇಟಲ್ಲೂ ಇಲ್ಲ, ಇರೋದನ್ನ ನೋಡಿ ಸಾಲಲ್ಲಿ ನಿಲ್ಲಿ. ಆ ಕಡೆಯಿಂದ ಬಂದ ಚೀಟಿನ ತಗೊಳ್ಳೋದು ಮರೀಬೇಡಿ, ಕಳೆದ್ರೆ ಬೇರೆ ಕೊಡಲ್ಲ. ಮಕ್ಕಳ ಚೀಟಿ ದೊಡ್ಡವರ ಹತ್ರಾನೇ ಇರಲಿ.

ಊರಿಂದ ಅಪ್ಪ ಅಮ್ಮ ಬಂದಾಗ

ವಿಸಿಟರ್ ವೀಸಾದಲ್ಲಿ ಬಂದವರಿಗೆ ಟೋಕಿಯೊ ಸಬ್‌ವೇ ಟಿಕೆಟ್ ಅಂತಾನೇ ಬೇರೆ ಇದೆ, ಮೆಟ್ರೋ ತೊಎಯ್ ಎರಡೂ ಸೇರಿ 2024ರಲ್ಲಿ 24 ಗಂಟೆಗೆ 800, 48ಕ್ಕೆ 1200, 72ಕ್ಕೆ 1500 ಯೆನ್. ಪಾಸ್‌ಪೋರ್ಟ್ ತೋರಿಸಬೇಕು. ನಮಗೆ, ಅಂದ್ರೆ ಇಲ್ಲಿ ರೆಸಿಡೆನ್ಸ್ ಕಾರ್ಡ್ ಇರೋರಿಗೆ ಅದು ಇಲ್ಲ, ಕೇಳಿ ಕೌಂಟರಲ್ಲಿ ವಾದ ಮಾಡಬೇಡಿ. ಅವರಿಗೆ 72 ಗಂಟೆದು ಕೊಡಿಸಿ, ನಿಮಗೆ 24 ಗಂಟೆದು ತಗೊಳ್ಳಿ. ಅವರ ಜೇಬಲ್ಲಿ ನಿಮ್ಮ ಸ್ಟೇಷನ್ ಹೆಸರು ಜಪಾನಿ ಅಕ್ಷರದಲ್ಲಿ, ಪಕ್ಕದಲ್ಲಿ ಟಿ 16 ಅಂತ, ಕೆಳಗೆ ನಿಮ್ಮ ಫೋನ್ ನಂಬರ್ ಬರೆದ ಒಂದು ಚೀಟಿ ಇರಲಿ. ಮತ್ತೆ ಅವರನ್ನ ರೈಲಲ್ಲಿ ನಿಮಗಿಂತ ಮುಂಚೆ ಹತ್ತಿಸಿ, ನಿಮಗಿಂತ ಮುಂಚೆ ಇಳಿಸಿ.