ಕಪಾಟಿನಲ್ಲಿ ಮದುವೆ, ಮೈಮೇಲೆ ಮಳೆ: ನಮಗೊಪ್ಪುವ ಉಡುಪನ್ನು ಆರಿಸಿಕೊಳ್ಳುವ ಬಗೆ

ಕೊಡಗಿನ ಯಾವ ಮನೆಯ ಬಟ್ಟೆಯ ಕಪಾಟನ್ನು ತೆರೆದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೇಲಿನ ಅರೆಗಳಲ್ಲಿ ಮದುವೆಗೆ, ನಾಮಕರಣಕ್ಕೆ, ಹುತ್ತರಿಗೆ ಎಂದು ಕೊಂಡ ರೇಷ್ಮೆ ಸೀರೆಗಳೂ ಇಸ್ತ್ರಿ ಕೆಡದ ಷರ್ಟುಗಳೂ ಒಪ್ಪವಾಗಿ ಕುಳಿತಿರುತ್ತವೆ. ಕೆಳಗಿನ ಅರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಮೈಗೇರುವ, ಬಣ್ಣ ಮಾಸಿದ, ಮೊಣಕೈ ಸವೆದ, ‘ಮಳೆಗೆ ಇದೇ ಸಾಕು’ ಎಂದು ಉಳಿಸಿಕೊಂಡ ಬಟ್ಟೆಗಳ ರಾಶಿ ಇರುತ್ತದೆ. ವರ್ಷದಲ್ಲಿ ಎಂಟು ಹತ್ತು ದಿನ ಉಡುವುದಕ್ಕೆ ಸಾವಿರಾರು ರೂಪಾಯಿ ಸುರಿಯುವ ನಾವು, ನೂರಿಪ್ಪತ್ತು ದಿನ ತೊಡುವುದಕ್ಕೆ ಒಂದು ಪೈಸೆಯನ್ನೂ ಎತ್ತಿಡುವುದಿಲ್ಲ. ಆಮೇಲೆ ಮಳೆ ಬಿರುಸಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮನಸ್ಸು ಮಂಕಾಯಿತೆಂದು ಮಳೆಯನ್ನು ಬೈಯುತ್ತೇವೆ. ನಮಗೊಪ್ಪುವ ಬಟ್ಟೆಯ ಹುಡುಕಾಟ ಈ ಲೆಕ್ಕವನ್ನು ತಿರುಗಿಸಿ ಬರೆಯುವುದರಿಂದಲೇ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಕಪಾಟು, ಆಮೇಲೆ ಅಂಗಡಿ

ಎರಡು ವಾರಗಳ ಕಾಲ, ಪ್ರತಿ ಸಂಜೆ ಬಟ್ಟೆ ಬದಲಿಸುವಾಗ, ಆ ದಿನ ಏನು ತೊಟ್ಟಿದ್ದಿರಿ ಮತ್ತು ಅದರಲ್ಲಿ ದಿನ ಹೇಗೆ ಕಳೆಯಿತು ಎಂಬುದನ್ನು ನಾಲ್ಕೈದು ಪದಗಳಲ್ಲಿ ಬರೆದಿಡಿ. ಇದಕ್ಕೆ ಹೊಸ ಪುಸ್ತಕವೇನೂ ಬೇಡ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಾನು ಬರೆದೆ. ‘ಕಾಲಂಚು ಒದ್ದೆ, ಇಡೀ ದಿನ ಚಳಿ’, ‘ಜೇಬಿದೆ, ಹಿತ’, ‘ಕುತ್ತಿಗೆ ಕೆರೆತ’ ಎಂಬಂತಹ ಟಿಪ್ಪಣಿಗಳು ಸಾಕು. ಹದಿನೈದನೆಯ ದಿನ ಓದಿದಾಗ, ನನ್ನ ಹನ್ನೊಂದು ಕುರ್ತಾಗಳಲ್ಲಿ ನಾಲ್ಕನ್ನೇ ನಾನು ತಿರುತಿರುಗಿ ತೊಡುತ್ತಿದ್ದೇನೆಂದೂ, ಆ ನಾಲ್ಕಕ್ಕೂ ಜೇಬಿತ್ತು ಮತ್ತು ಪಾತ್ರೆ ತೊಳೆಯುವಾಗ ಮೊಣಕೈವರೆಗೆ ಸುಲಭವಾಗಿ ಸರಿಸಬಹುದಾದ ತೋಳಿತ್ತೆಂದೂ ಗೊತ್ತಾಯಿತು. ಎಲ್ಲಕ್ಕಿಂತ ದುಬಾರಿಯಾಗಿದ್ದ ಕುರ್ತಾವನ್ನು ಮಾತ್ರ ಮೂರು ವರ್ಷ ಮುಟ್ಟಿರಲಿಲ್ಲ. ಕಾರಣವೆಂದರೆ, ಅದರ ಕುತ್ತಿಗೆಯ ಹಿಂದಿನ ಲೇಬಲ್ ಚುಚ್ಚುತ್ತಿತ್ತು. ಒಂದು ಸಣ್ಣ ಕತ್ತರಿಯಿಂದ ಮುಗಿಯುವ ಕೆಲಸವಾಗಿತ್ತು ಅದು.

ಹೀಗೆ ಬರೆದಿಟ್ಟ ಪಟ್ಟಿಯೇ ನಿಮ್ಮ ಮುಂದಿನ ಖರೀದಿಯ ಚೀಟಿ. ಇಷ್ಟವಾದ ಬಟ್ಟೆಗಳಲ್ಲಿ ಸಮಾನವಾಗಿರುವುದು ಏನೆಂದು ಗುರುತಿಸಿಕೊಂಡರೆ ಅಂಗಡಿಯಲ್ಲಿ ಬೊಂಬೆಗೆ ಹಾಕಿದ್ದನ್ನು ಕಂಡು ಮರುಳಾಗುವುದು ಅರ್ಧದಷ್ಟಾದರೂ ಕಡಿಮೆಯಾಗುತ್ತದೆ.

ನೂಲನ್ನು ಹವೆಗೆ ತಕ್ಕಂತೆ ಆರಿಸುವುದು

ಬಟ್ಟೆಯ ಅಂದದ ಮಾತು ಬರುವುದಕ್ಕೆ ಮೊದಲು ಅದು ಯಾವ ನೂಲಿನದು ಎಂದು ಕೇಳಿ. ಹತ್ತಿ ನೀರನ್ನು ಹೀರಿಕೊಂಡು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಬೇಸಗೆಯಲ್ಲಿ ಬೆವರಿಗೆ ಅದು ವರವಾದರೂ ಜುಲೈ ತಿಂಗಳಲ್ಲಿ ಅದೇ ಗುಣ ಕಾಟ ಕೊಡುತ್ತದೆ. ದಪ್ಪ ಜೀನ್ಸ್ ಪ್ಯಾಂಟಿನ ಕಾಲಂಚು ಒಮ್ಮೆ ನೆನೆದರೆ ಸಂಜೆಯವರೆಗೂ ಒಣಗದು. ಆ ತಣ್ಣನೆಯ ತೂಕವನ್ನು ಕಾಲಿಗೆ ಕಟ್ಟಿಕೊಂಡು ತಿರುಗುವವರ ಮುಖದಲ್ಲಿ ಲವಲವಿಕೆಯನ್ನು ಹುಡುಕುವುದು ವ್ಯರ್ಥ. ಪಾಲಿಯೆಸ್ಟರ್ ನೀರನ್ನು ಹೀರುವುದು ತೀರಾ ಕಡಿಮೆ, ಹಾಗಾಗಿ ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಅದರಲ್ಲಿ ಉಳಿಯುತ್ತದೆ. ಎರಡೂ ಬೆರೆತ ಬಟ್ಟೆ ಮಳೆಗಾಲದ ದಿನನಿತ್ಯಕ್ಕೆ ಸರಿಹೊಂದುತ್ತದೆ. ಉಣ್ಣೆಯ ಗುಣವೇ ಬೇರೆ. ಅದು ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹಿಂದಿನವರು ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದುದು ಬಡತನಕ್ಕಷ್ಟೇ ಅಲ್ಲ.

ಒಂದು ದಪ್ಪ ಜಾಕೆಟಿಗಿಂತ ಎರಡು ತೆಳು ಪದರಗಳು ಮೇಲು, ಅದರಲ್ಲೂ ನಮ್ಮ ಜಿಲ್ಲೆಯಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿದರೆ, ಸುಮಾರು 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಬೆಳಿಗ್ಗೆ ಮಂಜಿನಲ್ಲಿ ನಡುಗುತ್ತಾ ಬಸ್ಸು ಹತ್ತಿದವರು ಘಟ್ಟ ಇಳಿದ ಮೇಲೆ ಬೆವರುತ್ತಾ ಕೂರುವುದು ಈ ಒಂದು ದಪ್ಪ ಜಾಕೆಟಿನ ತಪ್ಪಿನಿಂದ. ಕುಶಾಲನಗರದ ಪಕ್ಕದ ಬೈಲಕುಪ್ಪೆಯ ಟಿಬೆಟನ್ನರ ಅಂಗಡಿಗಳಲ್ಲಿ ಸ್ವೆಟರ್ ಕೊಳ್ಳುವವರು ಬೆಲೆ ಕೇಳುವ ಮುನ್ನ ಲೇಬಲ್ ಓದುವುದು ಒಳ್ಳೆಯದು. ಉಣ್ಣೆಯಂತೆ ಕಾಣುವುದೆಲ್ಲ ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಕೃತಕ ನೂಲೂ ಇರುತ್ತದೆ. ಅಕ್ರಿಲಿಕ್ ಕೆಟ್ಟದ್ದೆಂದಲ್ಲ, ಅಗ್ಗ, ಬೆಚ್ಚಗೆ, ಒಗೆಯಲು ಸುಲಭ. ಆದರೆ ಕೆಲವು ತಿಂಗಳಲ್ಲೇ ಅದರ ಮೇಲೆ ಸಣ್ಣ ಸಣ್ಣ ಗಂಟುಗಳೇಳುತ್ತವೆ, ಉಣ್ಣೆಯ ಬೆಲೆ ತೆತ್ತು ಅದನ್ನು ತಂದರೆ ಆಗ ಹೊಟ್ಟೆ ಉರಿಯುತ್ತದೆ.

ತೋಟಕ್ಕೆ ಹೋಗುವವರಿಗೆ ಒಂದು ಮಾತು: ಪ್ಯಾಂಟಾಗಲಿ ಕಾಲುಚೀಲವಾಗಲಿ ತಿಳಿಬಣ್ಣದ್ದಿರಲಿ. ಜಿಗಣೆ ಹತ್ತುವುದು ಕಣ್ಣಿಗೆ ಕಾಣುತ್ತದೆ.

ಅಳತೆಯೆಲ್ಲ ಭುಜದಿಂದ

ಗೋಣಿಕೊಪ್ಪದಲ್ಲಿ ನಾನು ಬಟ್ಟೆ ಕೊಡುವ ಹಿರಿಯ ಟೈಲರೊಬ್ಬರು ರೆಡಿಮೇಡ್ ತಂದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: “ಸೊಂಟ ನಾನು ಹಿಡಿದು ಕೊಡ್ತೇನೆ ಅಕ್ಕ, ಉದ್ದ ಕಡಿಮೆ ಮಾಡಿ ಕೊಡ್ತೇನೆ, ಭುಜ ಮಾತ್ರ ಸರಿ ಇರುವುದೇ ತನ್ನಿ.” ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಗೇ ಮುಗಿಯಬೇಕು. ಅದು ತೋಳಿನತ್ತ ಜಾರಿದ್ದರೆ ಅಣ್ಣನ ಅಂಗಿ ತೊಟ್ಟಂತೆ ಕಾಣುತ್ತದೆ, ಕುತ್ತಿಗೆಯತ್ತ ಎಳೆದಿದ್ದರೆ ಕೈ ಎತ್ತಿದಾಗಲೆಲ್ಲ ಇಡೀ ಬಟ್ಟೆ ಮೇಲೇರುತ್ತದೆ. ಅದನ್ನು ಸರಿಪಡಿಸಬೇಕೆಂದರೆ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ, ಅದರ ಕೂಲಿ ಕೆಲವೊಮ್ಮೆ ಬಟ್ಟೆಯ ಬೆಲೆಗೆ ಸಮನಾಗುತ್ತದೆ.

ಟ್ರಯಲ್ ರೂಮಿನಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ಹೊಟ್ಟೆ ಒಳಗೆಳೆದುಕೊಂಡು ನೋಡಿದರೆ ಎಲ್ಲ ಬಟ್ಟೆಯೂ ಒಪ್ಪುತ್ತದೆ. ಬದಲಿಗೆ ಬಸ್ಸಿನ ಕಂಬಿ ಹಿಡಿಯುವಂತೆ ಎರಡೂ ಕೈ ಎತ್ತಿ, ಸ್ಟೂಲಿನ ಮೇಲೆ ಕುಳಿತು, ಚಪ್ಪಲಿಯ ಬಕಲ್ ಹಾಕುವಂತೆ ಬಗ್ಗಿ ನೋಡಿ. ಗುಂಡಿಗಳ ನಡುವೆ ಬಾಯಿ ಬಿಟ್ಟರೆ, ಬೆನ್ನಿನ ಮೇಲೆ ಅಡ್ಡ ಗೆರೆಗಳೆದ್ದರೆ, ಉಸಿರು ಹಿಡಿಯಬೇಕಾಗಿ ಬಂದರೆ ಅದು ನಿಮ್ಮ ಅಳತೆಯಲ್ಲ. ಲೇಬಲಿನ ಮೇಲಿನ ಸಂಖ್ಯೆ ಒಂದೊಂದು ಕಂಪನಿಗೆ ಒಂದೊಂದು ಬಗೆಯಾಗಿರುವುದರಿಂದ ‘ಎಲ್’ ಸಾಲದೆ ‘ಎಕ್ಸೆಲ್’ ಕೇಳಬೇಕಾಯಿತೆಂದು ಕುಗ್ಗುವುದರಲ್ಲಿ ಅರ್ಥವಿಲ್ಲ.

ಹೊಲಿಸುವುದಾದರೆ ಹತ್ತಿ ಬಟ್ಟೆಯನ್ನೂ ಅದರ ಲೈನಿಂಗನ್ನೂ ಮೊದಲೇ ನೀರಿಗೆ ಹಾಕಿ ಒಣಗಿಸಿ ಕೊಡಿ. ಮೇಲಿನ ಬಟ್ಟೆ ಹಾಗೇ ಇದ್ದು ಲೈನಿಂಗ್ ಮಾತ್ರ ಮುದುಡಿದ ರವಿಕೆಯೊಂದು ನನ್ನಲ್ಲಿದೆ. ಅದನ್ನು ಹೊಲಿದ ಅಂಗಡಿಯವರು ತಪ್ಪು ಬಟ್ಟೆಯದೆಂದರು, ಬಟ್ಟೆ ಮಾರಿದವರು ತಪ್ಪು ಹೊಲಿಗೆಯದೆಂದರು, ರವಿಕೆ ಕಪಾಟು ಸೇರಿತು. ಒಳಗೆ ಒಂದಿಂಚು ಬಟ್ಟೆ ಬಿಟ್ಟು ಹೊಲಿಯುವಂತೆ ಬಾಯಿಬಿಟ್ಟು ಹೇಳಿ. ಮೈ ವರ್ಷಕ್ಕೊಂದು ತೆರನಾಗಿರುತ್ತದೆ.

ಇನ್ನು, ಹೆಂಗಸರ ಮೈಕಟ್ಟನ್ನು ಸೇಬು, ಪೇರಳೆ ಎಂದು ಹಣ್ಣಿನಂಗಡಿಯಂತೆ ವಿಂಗಡಿಸಿ ಸಲಹೆ ಕೊಡುವ ಕ್ರಮದಲ್ಲಿ ನನಗೆ ನಂಬಿಕೆಯಿಲ್ಲ. ಅದರ ಹಿಂದಿನ ತತ್ವ ಒಂದೇ, ಬಟ್ಟೆಯ ಅಂಚು ಎಲ್ಲಿ ಮುಗಿಯುತ್ತದೋ ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಕುರ್ತಾದ ಅಂಚು ಮೈಯ ಅತಿ ಅಗಲದ ಜಾಗದಲ್ಲೇ ನಿಂತಿದ್ದು ನಿಮಗೆ ಹಿತವೆನಿಸದಿದ್ದರೆ ಎರಡಿಂಚು ಮೇಲಕ್ಕೋ ಕೆಳಕ್ಕೋ ಸರಿಸಿ ನೋಡಿ. ಮಳೆಗಾಲದಲ್ಲಿ ಮಾತ್ರ ಕಾಲಂಚು ಕಣಕಾಲಿಗಿಂತ ಮೇಲೇ ಇರಲಿ, ಕೆಸರಿಗೆ ಫ್ಯಾಷನ್ ಗೊತ್ತಿಲ್ಲ.

ಬಣ್ಣವನ್ನು ಬಾಗಿಲಿಗೆ ಕೊಂಡೊಯ್ಯುವುದು

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣ ಹಗಲಿನಲ್ಲಿ ಅದೇ ಆಗಿರುವುದಿಲ್ಲ. ಒಂದು ಬೆಳಕಿನಲ್ಲಿ ಒಂದೇ ಬಣ್ಣದಂತೆ ಕಂಡ ಸೀರೆ ಮತ್ತು ರವಿಕೆಯ ತುಂಡು ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗುವುದನ್ನು ಎಲ್ಲರೂ ಕಂಡಿರುತ್ತೇವೆ. ಆದ್ದರಿಂದ ಸಂಕೋಚಪಡದೆ ಬಟ್ಟೆಯನ್ನು ಬಾಗಿಲಿನ ಬಳಿಗೆ ಒಯ್ದು, ಗಲ್ಲದ ಕೆಳಗೆ ಹಿಡಿದು, ಬಟ್ಟೆಯನ್ನು ಬಿಟ್ಟು ಮುಖವನ್ನು ನೋಡಿಕೊಳ್ಳಿ. ಕಣ್ಣಿನ ಕೆಳಗಿನ ನೆರಳು ಎದ್ದು ಕಂಡು ಮುಖ ದಣಿದಂತಾದರೆ ಆ ಬಣ್ಣ ಬೇಡ. ನೋಟ ಮೊದಲು ಕಣ್ಣಿಗೆ ಹೋಗಿ ಆಮೇಲೆ ಬಟ್ಟೆಗೆ ಇಳಿದರೆ ಅದನ್ನು ಕಟ್ಟಿಸಿಕೊಳ್ಳಬಹುದು.

ಇದಕ್ಕೊಂದು ಹಳೆಯ ಕಾರಣವಿದೆ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಷೆವ್ರಲ್‌ಗೆ ಅಲ್ಲಿನ ಕಪ್ಪು ನೂಲು ಮಂಕಾಗಿದೆಯೆಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುತ್ತವೆ ಎಂಬ ಈ ನಿಯಮವನ್ನು ಆತ 1839ರಲ್ಲಿ ಪ್ರಕಟಿಸಿದ. ನಮ್ಮ ಮುಖವೂ ಒಂದು ಬಣ್ಣವೇ, ಅದರ ಪಕ್ಕಕ್ಕೆ ಬರುವುದು ಕೊರಳಂಚು, ಶಾಲು, ಸೆರಗು. ಹೀಗಾಗಿ ಬಣ್ಣದ ಪರೀಕ್ಷೆ ಕುತ್ತಿಗೆಯ ಸುತ್ತಮುತ್ತ ಮುಗಿದರೆ ಸಾಕು, ಸೊಂಟದ ಕೆಳಗೆ ನಿಮಗಿಷ್ಟ ಬಂದದ್ದನ್ನು ತೊಡಿ. ಮಂಜು ಕವಿದ ದಿನಗಳ ಬೂದು ಬೆಳಕಿನಲ್ಲಿ, ತೋಟದ ಕಡು ಹಸುರಿನ ಮುಂದೆ, ಬೂದಿ ಮತ್ತು ಮಣ್ಣಿನ ಬಣ್ಣಗಳು ಮುಳುಗಿಹೋಗುತ್ತವೆ. ಅರಿಸಿನ, ಇಟ್ಟಿಗೆಗೆಂಪು, ಹಣ್ಣಾದ ಕಾಫಿಯ ಕೆಂಪು ತೇಲುತ್ತವೆ. ಹಳೆಯ ಕಂದು ಸ್ವೆಟರನ್ನು ಎಸೆಯಬೇಕಿಲ್ಲ, ಅದರ ಮೇಲೊಂದು ಇಂತಹ ಬಣ್ಣದ ಸ್ಕಾರ್ಫ್ ಸುತ್ತಿಕೊಂಡರೆ ಆಗುತ್ತದೆ.

“ನಿಮ್ಮ ಮೈಬಣ್ಣಕ್ಕೆ ಇದು ಬೇಡ ಮೇಡಂ” ಎನ್ನುವ ಅಂಗಡಿಯವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಕಪ್ಪು ಮೈಬಣ್ಣದವರು ಗಾಢ ಹಳದಿ ಉಟ್ಟಾಗ ಬರುವ ಕಳೆಯನ್ನು ಅವರು ನೋಡಿಲ್ಲವೆಂದಷ್ಟೇ ಅದರರ್ಥ.

ಮನಸ್ಸಿಗೂ ಬಟ್ಟೆಗೂ ಏನು ನಂಟು

2012ರಲ್ಲಿ ಹಾಜೋ ಆಡಮ್ ಮತ್ತು ಆಡಮ್ ಗಾಲಿನ್ಸ್ಕಿ ಎಂಬ ಸಂಶೋಧಕರು ಅಮೆರಿಕದಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಿಳಿ ಕೋಟನ್ನು ‘ವೈದ್ಯರದು’ ಎಂದು ಹೇಳಿ ತೊಡಿಸಿದಾಗ ಜನರ ಏಕಾಗ್ರತೆ ಹೆಚ್ಚಿತು, ಅದೇ ಕೋಟನ್ನು ‘ಚಿತ್ರಕಾರರದು’ ಎಂದಾಗ ಹೆಚ್ಚಲಿಲ್ಲ ಎಂಬುದು ಅವರ ತೀರ್ಮಾನ. 2019ರಲ್ಲಿ ಬೇರೆ ಸಂಶೋಧಕರು ಅದರ ಒಂದು ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಆದ್ದರಿಂದ ‘ಹಳದಿ ತೊಟ್ಟರೆ ಸಂತೋಷ, ನೀಲಿ ತೊಟ್ಟರೆ ಶಾಂತಿ’ ಎಂಬ ಸೂತ್ರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಟ್ಟೆಗೆ ನಾವೇ ಕೊಟ್ಟಿರುವ ಅರ್ಥ ಮಾತ್ರ ನಮ್ಮ ಮೇಲೆ ಕೆಲಸ ಮಾಡುತ್ತದೆಂದು ನಂಬಲು ಕೊಡಗಿನವರಿಗೆ ಪ್ರಯೋಗಶಾಲೆ ಬೇಡ. ಕೊಡವ ಗಂಡಸರ ಮೊಣಕಾಲುದ್ದದ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ನಡುಪಟ್ಟಿ ಚೇಲೆ ಬಿಗಿದು ಪೀಚೆಕತ್ತಿ ಸಿಕ್ಕಿಸಿಕೊಂಡ ಗಳಿಗೆಯಲ್ಲಿ, ದಿನವಿಡೀ ಗೂನಾಗಿ ಕೂರುವ ನಮ್ಮ ಮಾವನವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ನೆರಿಗೆಯನ್ನು ಹಿಂದಕ್ಕೆ ಹಾಕಿ, ಸೆರಗನ್ನು ಎಡತೋಳಿನ ಕೆಳಗಿನಿಂದ ತಂದು ಬಲ ಹೆಗಲಿಗೆ ಪಿನ್ ಮಾಡುವ ಕೊಡವ ಸೀರೆಗೂ ಇದೇ ಮಾತು. ಕಾವೇರಿಯ ಸೆಳೆತಕ್ಕೆ ನೆರಿಗೆಗಳು ಹಿಂದೆ ಸರಿದವೆಂಬ ಕಥೆ ಎಲ್ಲರಿಗೂ ಗೊತ್ತು. ಉಡುವವರಿಗೆ ಗೊತ್ತಿರುವ ಇನ್ನೊಂದು ಸಂಗತಿಯೆಂದರೆ, ಬಿರುಸು ರೇಷ್ಮೆಯಲ್ಲಿ ಈ ಹಿಂದಿನ ನೆರಿಗೆ ಉಬ್ಬಿಕೊಂಡು ಕುರ್ಚಿಯಲ್ಲಿ ಕೂರಲು ಬಿಡುವುದಿಲ್ಲ. 1912ರಿಂದ ಮೈಸೂರಿನಲ್ಲಿ ನೇಯ್ದು ಬರುತ್ತಿರುವ ಮೆತ್ತನೆಯ ಕ್ರೇಪ್ ರೇಷ್ಮೆಯೋ ಜಾರ್ಜೆಟ್ಟೋ ಆದರೆ ನೆರಿಗೆ ಮೈಗಂಟಿ ಇಳಿಯುತ್ತದೆ, ಊಟದ ಪಂಕ್ತಿಯಲ್ಲಿ ಪರದಾಡಬೇಕಿಲ್ಲ.

ದಿನನಿತ್ಯಕ್ಕೂ ಹೀಗೆ ಅರ್ಥವಿರುವ ಒಂದು ವಸ್ತುವನ್ನು ಗುರುತಿಸಿಕೊಳ್ಳಿ. ಅಜ್ಜಿ ಹೆಣೆದ ಸ್ವೆಟರ್ ಇರಬಹುದು, ಮೊದಲ ಸಂಬಳದಲ್ಲಿ ಕೊಂಡ ಶಾಲಿರಬಹುದು. ಮರುದಿನ ಕಷ್ಟದ ಕೆಲಸವಿದ್ದರೆ ಹಿಂದಿನ ರಾತ್ರಿಯೇ ಅದನ್ನು ಕುರ್ಚಿಯ ಮೇಲೆ ತೆಗೆದಿಡಿ, ಏಕೆಂದರೆ ಕರೆಂಟಿಲ್ಲದ ಬೆಳಗಿನಲ್ಲಿ ಕೈಗೆ ಸಿಗುವುದು ಯಾವಾಗಲೂ ಕೆಳಗಿನ ಅರೆಯ ಆ ಬಣ್ಣ ಮಾಸಿದ ಅಂಗಿಯೇ.

ಆರಿಸಿದ್ದನ್ನು ಉಳಿಸಿಕೊಳ್ಳುವುದು

ಅರೆ ಒಣಗಿದ ಬಟ್ಟೆಯನ್ನು ಮಡಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ನಿಲ್ಲುವುದರಿಂದ, ಮೇಲುಬಟ್ಟೆಗಳನ್ನು ಫ್ಯಾನಿನ ಕೆಳಗೆ ಹರವಿ, ಕೊನೆಗೆ ಇಸ್ತ್ರಿಯ ಬಿಸಿ ಕೊಟ್ಟು, ತಣಿದ ಮೇಲೆ ಒಳಗಿಡಿ. ಜರಿಯ ಸೀರೆಗಳನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟು, ಮಳೆ ಹೊಳವಾದ ದಿನಗಳಲ್ಲಿ ಮಡಿಕೆ ಬದಲಿಸಿ.

ಮಳೆಗಾಲದ ಬಟ್ಟೆ ಹೊಲಿಸಲು ಮಳೆಗಾಲ ಬರುವವರೆಗೆ ಕಾಯಬಾರದು. ಏಪ್ರಿಲ್‌ನ ಹೊತ್ತಿಗೆ ಮದುವೆಯ ರವಿಕೆಗಳ ರಾಶಿ ಬಿದ್ದು ಟೈಲರುಗಳು ‘ಮುಂದಿನ ವಾರ ಬನ್ನಿ’ ಎನ್ನಲು ಶುರುಮಾಡುತ್ತಾರೆ. ಕಾಫಿ ಕೊಯ್ಲು ಮುಗಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ, ಕಾಫಿ ಹೂವರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿರುವ ಫೆಬ್ರವರಿ ಕೊನೆಯ ದಿನಗಳು ಇದಕ್ಕೆ ಸರಿಯಾದ ಕಾಲ. ಜಾಕೆಟಿನ ಅಳತೆ ಕೊಡಲು ಹೋಗುವಾಗ ಒಳಗೆ ಸ್ವೆಟರ್ ತೊಟ್ಟೇ ಹೋಗಿ. ಆ ಬಿಸಿಲಿಗೆ ನಿಮ್ಮನ್ನು ಕಂಡು ಟೈಲರ್ ನಕ್ಕಾರು, ಆದರೆ ಜುಲೈನಲ್ಲಿ ಗುಂಡಿ ಸಲೀಸಾಗಿ ಕೂರಬೇಕಾದರೆ ಟೇಪು ಆ ಸ್ವೆಟರಿನ ಮೇಲೆಯೇ ಸುತ್ತಿ ಬರಬೇಕು.